ಹಿಂದಿ ಸರ್, ಮನ್ನಾ ಡೇ ಮತ್ತು ಒಂದು ಕ್ಯಾಸೆಟ್ಟು

ಶಾಲೆಗೆ ಐವತ್ತು ವರ್ಷ ಆಯ್ತು, ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಫೋನ್ ಬಂದಾಗ ನನಗೆ ಮೊದಲು ನೆನಪಾಗಿದ್ದು ಮನ್ನಾ ಡೇ. ನಗಬೇಡಿ. ಬೇವಿನ ಮರ, ಬೋರ್‌ವೆಲ್ಲಿನ ಸವಳು ನೀರು, ಶನಿವಾರದ ಕವಾಯತು, ಇವುಗಳ ಬಗ್ಗೆ ಬೇರೆಯವರು ಬರೆದೇ ಬರೆಯುತ್ತಾರೆ. ನಾನು ಇಲ್ಲಿ ಓದಿದ್ದು 1984ರಿಂದ 87ರವರೆಗೆ. ಆಗ ಇದಿನ್ನೂ ಧಾರವಾಡ ಜಿಲ್ಲೆ, ಗದಗ ಜಿಲ್ಲೆ ಆಗಿರಲಿಲ್ಲ. ಆ ಮೂರು ವರ್ಷ ಇಲ್ಲಿದ್ದವರಿಗೆ ಆ ಬಂಗಾಳಿ ಹಾಡುಗಾರನಿಗೂ ನಮ್ಮ ಶಾಲೆಗೂ ಏನು ಸಂಬಂಧ ಅಂತ ನಾನು ಹೇಳಬೇಕಾಗಿಲ್ಲ.

ಎಲ್ಲಕ್ಕೂ ಕಾರಣ ಹಿಂದಿ ಸರ್. ಹೆಸರು ಬರೆಯುವುದಿಲ್ಲ, ಅವರಿಗೆ ಇಷ್ಟವಾಗುತ್ತಿರಲಿಲ್ಲ. ಹಿಂದಿ ಸರ್ ಅಂದರೆ ಸಾಕು.

ಎಂಟನೇ ಇಯತ್ತೆ, ಊಟದ ನಂತರದ ಪಿರಿಯಡ್. ಅರ್ಧ ಕ್ಲಾಸು ತೂಕಡಿಸುತ್ತಿತ್ತು. ಸರ್ ಪುಸ್ತಕ ಮುಚ್ಚಿಟ್ಟು, ಮೇಜಿನ ಮೇಲೆ ಎರಡು ಬೆರಳಿನಿಂದ ತಾಳ ಹಾಕುತ್ತಾ 'ಏ ಭಾಯ್, ಜರಾ ದೇಖ್ ಕೆ ಚಲೋ' ಅಂತ ಶುರು ಮಾಡಿಯೇ ಬಿಟ್ಟರು. 1970ರ 'ಮೇರಾ ನಾಮ್ ಜೋಕರ್' ಚಿತ್ರದ ಹಾಡು. ಆಗೇ ಅಂದಾಗ ನಾವು ಮುಂದೆ ನೋಡಬೇಕು, ಪೀಛೇ ಅಂದಾಗ ಹಿಂದೆ. ದಾಯೇ ಬಲಕ್ಕೆ, ಬಾಯೇ ಎಡಕ್ಕೆ. ಊಪರ್ ಅಂದರೆ ಹೆಂಚು, ನೀಚೇ ಅಂದರೆ ನೆಲ. ಅರವತ್ತು ಹುಡುಗ ಹುಡುಗಿಯರು ಕೋಳಿಗಳ ಹಾಗೆ ಕತ್ತು ಹೊರಳಿಸುತ್ತಿದ್ದೆವು. ಹೆಡ್ ಮಾಸ್ತರು ಕಿಟಕಿಯಿಂದ ಇಣುಕಿದರು, ಏನೂ ಅನ್ನದೆ ಹೋದರು. ಆ ಆರು ಶಬ್ದ ನಾನು ಇವತ್ತಿಗೂ ಮರೆತಿಲ್ಲ. ಬ್ಯಾಂಕಿನ ಹಿಂದಿ ಪರೀಕ್ಷೆಯಲ್ಲೂ ಅದೇ ಹಾಡು ಮನಸ್ಸಿನಲ್ಲೇ ಗುನುಗಿಕೊಂಡು ಬರೆದೆ, ಪಾಸಾದೆ.

"ಇದು ಹಾಡಲ್ಲಲೇ, ಮಾತು. ಮಾತನ್ನ ಹಾಡಿನ್ಯಾಗ ಕುಂದ್ರಸೂದು ಭಾಳ ಕಷ್ಟದ ಕೆಲಸ. ಅದಕ್ಕs ಮನ್ನಾ ಡೇನ ಬೇಕಾತು" ಅಂತ ಸರ್ ಹೇಳಿದ್ದರು. ಆ ವಯಸ್ಸಿಗೆ ಅದು ಅರ್ಥವಾಗಲಿಲ್ಲ. ನೀರಜ್ ಬರೆದ ಆ ಸಾಲುಗಳು ಪದ್ಯದ ಹಾಗಿಲ್ಲ, ಯಾರೋ ರಸ್ತೆಯಲ್ಲಿ ನಿಂತು ಮಾತಾಡುತ್ತಿರುವ ಹಾಗಿವೆ. ಆ ಹಾಡಿಗೇ ಮನ್ನಾ ಡೇಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಅಷ್ಟೊಂದು ಶಾಸ್ತ್ರೀಯ ಸಂಗೀತ ಕಲಿತವರಿಗೆ ಫಿಲ್ಮ್‌ಫೇರ್ ಸಿಕ್ಕಿದ್ದು ಸರ್ಕಸ್ಸಿನ ಜೋಕರನ ಹಾಡಿಗೆ, ತಮಾಷೆ ಅಲ್ವಾ?

ಆದರೆ ನಮ್ಮ ಊರಿನ ಮಕ್ಕಳಿಗೆ ಜಾಸ್ತಿ ಹಿಡಿಸಿದ್ದು ಭೀಮಸೇನ ಜೋಶಿಯವರ ಕತೆ. ಗದಗಿನವರು ಅಂದ ಮೇಲೆ ಅವರು ನಮ್ಮವರೇ. 1956ರಲ್ಲಿ 'ಬಸಂತ್ ಬಹಾರ್' ಅಂತ ಒಂದು ಚಿತ್ರ. ಅದರಲ್ಲಿ ನಾಯಕನಿಗೂ ಒಬ್ಬ ದೊಡ್ಡ ಗವಾಯಿಗೂ ಸಂಗೀತದ ಪೈಪೋಟಿ. ಶಂಕರ್ ಜೈಕಿಶನ್ ಆ ಗವಾಯಿಯ ದನಿಗೆ ಕರೆದದ್ದು ಭೀಮಸೇನರನ್ನು, ನಾಯಕನ ದನಿಗೆ ಮನ್ನಾ ಡೇ. ಅದೇ 'ಕೇತಕಿ ಗುಲಾಬ್ ಜೂಹಿ'. ಸಿನೆಮಾ ಅಂದ ಮೇಲೆ ನಾಯಕ ಗೆಲ್ಲಲೇಬೇಕು. ಅಂದರೆ ಮನ್ನಾ ಡೇ ಭೀಮಸೇನರನ್ನು ಸೋಲಿಸಬೇಕು! ಅವರು ಗಾಬರಿಯಾಗಿ ಮನೆಗೆ ಹೋಗಿ ಹೆಂಡತಿಗೆ, ನಡಿ, ಸ್ವಲ್ಪ ದಿನ ಮುಂಬಯಿ ಬಿಟ್ಟು ಎಲ್ಲಾದರೂ ಹೋಗೋಣ, ಅಷ್ಟರಲ್ಲಿ ಇದನ್ನು ಬೇರೆ ಯಾರಾದರೂ ಹಾಡಿ ಮುಗಿಸುತ್ತಾರೆ ಅಂದರಂತೆ. ಆಕೆ ಬಿಡಲಿಲ್ಲ. ನೀವು ನಾಯಕನಿಗೆ ಹಾಡುತ್ತಿದ್ದೀರಿ, ಗೆಲ್ಲಬೇಕು, ಅದಕ್ಕೇನು ಬೇಕೋ ತಯಾರಿ ಮಾಡಿಕೊಳ್ಳಿ ಅಂದರು. ಇದನ್ನು ಮನ್ನಾ ಡೇ ತಾವೇ ಎಷ್ಟೋ ಸಲ ನಗುತ್ತಾ ಹೇಳಿಕೊಂಡಿದ್ದಾರೆ.

"ಗದಗಿನಾಂವ ಸೋತಾನಂತ ಬ್ಯಾಸರಾ ಮಾಡ್ಕೋಬ್ಯಾಡ್ರಲೇ. ಗೆದ್ದಾಂವಗs ಕೈಕಾಲು ನಡಗ್ಯಾವ" ಅಂತ ಸರ್ ಮೀಸೆಯಲ್ಲೇ ನಗುತ್ತಿದ್ದರು.

ಹನ್ನೆರಡು ವರ್ಷದ ನಂತರ 'ಪಡೋಸನ್' ಬಂತು. ಅಲ್ಲಿ ಇದಕ್ಕೆ ಉಲ್ಟಾ. 'ಏಕ್ ಚತುರ್ ನಾರ್' ಹಾಡಿನಲ್ಲಿ ಮನ್ನಾ ಡೇ ದನಿ ಸಂಗೀತ ಮಾಸ್ತರನ ವೇಷದ ಮೆಹಮೂದ್‌ಗೆ. ಅವರು ಕಿಶೋರ್ ಕುಮಾರ್ ಎದುರು ಸೋಲಬೇಕು. ಶಾಸ್ತ್ರೀಯವಾಗಿ ಕಲಿಯದ ಕಿಶೋರ್ ಎದುರು! ಭೀಮಸೇನರ ಮುಂದೆ ಗೆಲ್ಲಲು ಹೆದರಿದವರಿಗೆ ಇಲ್ಲಿ ಸೋಲುವುದು ಅಷ್ಟು ಸುಲಭವಾಗಿ ಒಗ್ಗಲಿಲ್ಲ. ಆದರೂ ಹಾಡು ಕೇಳಿ ನೋಡಿ, ಎಲ್ಲೂ ಕೈಬಿಟ್ಟು ಹಾಡಿಲ್ಲ. ಅಷ್ಟು ಚೆನ್ನಾಗಿ ಹಾಡಿ ಸೋತಿದ್ದಾರೆ.

ಅವರ ಮೊದಲಿನ ಕತೆಯನ್ನು ಸರ್ ತುಂಡು ತುಂಡಾಗಿ ಹೇಳುತ್ತಿದ್ದರು, ಎಷ್ಟೋ ಭಾಗ ನಾನು ಆಮೇಲೆ ಓದಿ ತಿಳಿದುಕೊಂಡೆ. ನಿಜವಾದ ಹೆಸರು ಪ್ರಬೋಧಚಂದ್ರ ಡೇ. ಹುಟ್ಟಿದ್ದು 1919ರ ಮೇ 1, ಉತ್ತರ ಕೋಲ್ಕತ್ತದಲ್ಲಿ. ಮನ್ನಾ ಅನ್ನುವುದು ಮನೆಯ ಹೆಸರು. ತಂದೆಗೆ ಮಗ ವಕೀಲನಾಗಲಿ ಅಂತ ಆಸೆ. ಹುಡುಗನಿಗೆ ಕುಸ್ತಿ, ಗಾಳಿಪಟ, ಫುಟ್‌ಬಾಲ್ ಹುಚ್ಚು. ಕುಸ್ತಿ ಕಲಿತದ್ದು ಆ ಕಾಲದ ಹೆಸರಾಂತ ಪೈಲ್ವಾನ್ ಗೋಬರ್ ಗುಹಾ ಹತ್ತಿರ. ಕಾಲೇಜಿನಲ್ಲಿ ಬೆಂಚು ಬಡಿದು ಗೆಳೆಯರಿಗೆ ಹಾಡುತ್ತಿದ್ದ ಈ ಹುಡುಗ ಅಂತರ ಕಾಲೇಜು ಸ್ಪರ್ಧೆಯಲ್ಲಿ ಸತತ ಮೂರು ವರ್ಷ ಮೊದಲ ಸ್ಥಾನ ಹೊಡೆದ.

ಮನೆಯಲ್ಲಿ ಚಿಕ್ಕಪ್ಪ ಇದ್ದರು, ಕೆ.ಸಿ. ಡೇ ಅಂದರೆ ಕೃಷ್ಣಚಂದ್ರ ಡೇ. ಹುಡುಗನಾಗಿದ್ದಾಗಲೇ ಕಣ್ಣು ಕಳೆದುಕೊಂಡವರು, ಆದರೆ ಇಡೀ ಬಂಗಾಳಕ್ಕೆ ಗೊತ್ತಿದ್ದ ಗಾಯಕ. ಮನ್ನಾ ಡೇ ಅವರಲ್ಲೂ ಉಸ್ತಾದ್ ದಬೀರ್ ಖಾನ್ ಅವರಲ್ಲೂ ಕಲಿತರು. 1942ರಲ್ಲಿ ಚಿಕ್ಕಪ್ಪನ ಜೊತೆ ಮುಂಬಯಿಗೆ ಹೋದರು. ಚಿಕ್ಕಪ್ಪ ಕಟ್ಟಿದ ರಾಗ ಬರೆದುಕೊಳ್ಳುವುದು, ಬೇರೆಯವರಿಗೆ ಹೇಳಿಕೊಡುವುದು, ಅಸಿಸ್ಟೆಂಟ್ ಅಂದರೆ ಎಲ್ಲಾ ಕೆಲಸ. ಆಮೇಲೆ ಎಸ್.ಡಿ. ಬರ್ಮನ್ ಹತ್ತಿರವೂ ಹಾಗೇ ದುಡಿದರು.

'ರಾಮರಾಜ್ಯ' ಚಿತ್ರಕ್ಕೆ ಕೆ.ಸಿ. ಡೇ ಹಾಡಲಿ ಅಂತ ಚಿತ್ರದವರು ಬಂದರು. ಅವರು, ಬೇರೆ ನಟನ ಬಾಯಿಗೆ ನಾನು ದನಿ ಕೊಡುವುದಿಲ್ಲ ಅಂದುಬಿಟ್ಟರು. ಇವನು ಹಾಡುತ್ತಾನೆ ಅಂತ ಪಕ್ಕದಲ್ಲಿದ್ದ ಹುಡುಗನನ್ನು ತೋರಿಸಿದರು. ಹಾಗೆ 1943ರಲ್ಲಿ, ಇಪ್ಪತ್ತನಾಲ್ಕರ ಆಸುಪಾಸಿನ ಯುವಕ ಗಡ್ಡದ ವಾಲ್ಮೀಕಿಗೆ ಹಾಡಿದ. ಹಾಡು ಹಿಟ್ ಆಯಿತು, ಎಡವಟ್ಟೂ ಆಯಿತು. ಮುಂದೆ ಎಷ್ಟೋ ವರ್ಷ ಋಷಿ, ಭಕ್ತ, ಮುದುಕ ಬಂದರೆ ಮನ್ನಾ ಡೇಯನ್ನು ಕರೆಯಿರಿ ಅಂತಾಯಿತು! 1950ರಲ್ಲಿ ಬರ್ಮನ್ ದಾದಾ 'ಮಶಾಲ್' ಚಿತ್ರದಲ್ಲಿ 'ಊಪರ್ ಗಗನ್ ವಿಶಾಲ್' ಹಾಡಿಸಿದ ಮೇಲೆಯೇ ಜನ ಹೆಸರು ಕೇಳಲು ಶುರು ಮಾಡಿದ್ದು. ರಾಜ್ ಕಪೂರ್‌ಗೆ 'ಪ್ಯಾರ್ ಹುವಾ ಇಕರಾರ್ ಹುವಾ' ಹಾಡಿದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಒಟ್ಟಿನಲ್ಲಿ ನಾಯಕರೆಲ್ಲ ರಫಿ, ಮುಕೇಶ್, ಕಿಶೋರ್ ಪಾಲಿಗೆ ಹೋದರು. ಇವರಿಗೆ ಪ್ರಾಣ್, ಮೆಹಮೂದ್, ಬಲರಾಜ್ ಸಾಹನಿ.

ಬಲರಾಜ್ ಸಾಹನಿ ಅಂದಾಗ 'ಕಾಬೂಲಿವಾಲಾ' ಹೇಳಲೇಬೇಕು. ಒಂದು ಮಳೆಗಾಲದ ಸಂಜೆ, ಶಾಲೆ ಬಿಟ್ಟರೂ ಮಳೆ ನಿಲ್ಲದೆ ನಾವು ಏಳೆಂಟು ಜನ ವರಾಂಡದಲ್ಲಿ ಸಿಕ್ಕಿಕೊಂಡಿದ್ದೆವು. ಸರ್ 'ಏ ಮೇರೇ ಪ್ಯಾರೇ ವತನ್' ಹಾಡಿದರು. ಮಳೆಯ ಸಪ್ಪಳದಲ್ಲಿ ಕಿವಿ ಅವರ ಹತ್ತಿರ ಒಯ್ಯಬೇಕಾಗಿತ್ತು. ಜೋರಾಗಿ ಹಾಡ್ರಿ ಸರ್ ಅಂದೆವು. ಒಪ್ಪಲಿಲ್ಲ. ಕೋಲ್ಕತ್ತದಲ್ಲಿ ದ್ರಾಕ್ಷಿ ಬಾದಾಮಿ ಮಾರುವ ಪಠಾಣರು ದಿನವಿಡೀ ತಿರುಗಿ ಬಂದು ರಾತ್ರಿ ಒಂದೇ ಕೋಣೆಯಲ್ಲಿ ಇದ್ದಾರೆ, ಅಲ್ಲಿ ಒಬ್ಬನಿಗೆ ಊರು ನೆನಪಾಗಿದೆ, ಅವನು ಒದರುತ್ತಾನೇನು ಅಂತ ಕೇಳಿದರು. ಸಲಿಲ್ ಚೌಧುರಿ ರಾಗ ಹಾಕಿದ ಆ ಹಾಡಿನಲ್ಲಿ ಮನ್ನಾ ಡೇ ದನಿ ಏರಿಸುವುದೇ ಇಲ್ಲ. ಏರಿಸಬಲ್ಲವರು ಏರಿಸದೆ ಇರುವುದು ಅಂದರೆ ಏನು ಅಂತ ನನಗೆ ಗೊತ್ತಾದದ್ದು ಆ ವರಾಂಡದಲ್ಲಿ.

ಇನ್ನು ನನ್ನ ಮಾನ ಹೋದ ಪ್ರಸಂಗ. ಒಂಬತ್ತನೇ ಇಯತ್ತೆಯಲ್ಲಿ ಒಂದು ಹಾಡಿನ ಸ್ಪರ್ಧೆಗೆ ನನ್ನನ್ನು ಕಳಿಸಿದರು. ಭಾವಗೀತೆ ಹಾಡು ಅಂತ ಸರ್ ಹೇಳಿದ್ದರು. ನಾನು ಹಟ ಹಿಡಿದು 'ಪೂಛೋ ನ ಕೈಸೇ' ಆರಿಸಿಕೊಂಡೆ. 1963ರ ಹಾಡು, ಅಹಿರ್ ಭೈರವ್ ರಾಗ, ಬರ್ಮನ್ ದಾದಾ ಸಂಗೀತ. ದೊಡ್ಡ ದೊಡ್ಡವರೇ ಕೈ ಮುಗಿಯುವ ಹಾಡು. ನನಗೆ ಆಗ ಗಂಟಲು ಒಡೆಯುವ ವಯಸ್ಸು ಬೇರೆ. ಪೇಟಿ ನುಡಿಸುವವರು ನಾನು ಹೇಳಿದ್ದಕ್ಕಿಂತ ಒಂದು ಸ್ವರ ಮೇಲೆ ಹಿಡಿದರು. ಬೇಡ ಅನ್ನುವ ಧೈರ್ಯ ಆಗಲಿಲ್ಲ. ಎರಡನೇ ಸಾಲಿಗೆ ನನ್ನ ದನಿ ಎರಡು ಹೋಳಾಯಿತು, ಒಂದು ನನ್ನದು, ಇನ್ನೊಂದು ಯಾವುದೋ ಹೋತಿನ ಮರಿಯದು. ಮುಂದಿನ ಸಾಲಿನ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಸರ್ ಒಂದು ಮಾತೂ ಬೈಯಲಿಲ್ಲ. ನಿಲ್ದಾಣದಲ್ಲಿ ಇಳಿದ ಮೇಲೆ ಮಿರ್ಚಿ ಭಜಿ ಕೊಡಿಸಿ, "ಹಾಡು ಚಲೋ ಆರಿಸಿದ್ದಿ" ಅಂದರು. ಅಷ್ಟೇ.

ಹತ್ತನೇ ಇಯತ್ತೆ ಮುಗಿದಾಗ ನನಗೊಂದು ಕ್ಯಾಸೆಟ್ ಕೊಟ್ಟರು. ರೇಡಿಯೊ ಮುಂದೆ ಟೇಪ್ ರೆಕಾರ್ಡರ್ ಇಟ್ಟು ತಾವೇ ತುಂಬಿಸಿದ್ದು. ಕನ್ನಡದ್ದೂ ಒಂದು ಇತ್ತು, 'ಕಲ್ಪವೃಕ್ಷ' ಚಿತ್ರದ 'ಜಯತೇ ಜಯತೇ ಸತ್ಯಮೇವ ಜಯತೇ'. ಮನ್ನಾ ಡೇ ಕನ್ನಡದಲ್ಲೂ ಹಾಡಿದ್ದಾರೆ ಅಂತ ನಮಗೆ ಹೆಮ್ಮೆ. ಆದರೆ ಮಲಯಾಳಿಗಳು ನಮ್ಮನ್ನು ಮೀರಿಸಿದ್ದಾರೆ. 'ಚೆಮ್ಮೀನ್' ಚಿತ್ರದ 'ಮಾನಸಮೈನೇ ವರೂ' ಇಲ್ಲದೆ ಅವರ ಒಂದು ಸಂಗೀತ ಸಂಜೆಯೂ ಮುಗಿಯುವುದಿಲ್ಲ. ಮನ್ನಾ ಡೇ ಹೆಂಡತಿ ಸುಲೋಚನಾ ಕೇರಳದವರು, ಉಚ್ಚಾರಕ್ಕೆ ಮನೆಯಲ್ಲೇ ಮಾಸ್ತರು.

2003ರಲ್ಲಿ ಬ್ಯಾಂಕಿನವರು ನನ್ನನ್ನು ಕೋಲ್ಕತ್ತಕ್ಕೆ ವರ್ಗ ಮಾಡಿದರು. ಅಲ್ಲಿ ಹೋದ ಮೇಲೆ ತಿಳಿದದ್ದು, ನಾವು ಕೇಳಿದ್ದು ಅರ್ಧ ಮನ್ನಾ ಡೇಯನ್ನು ಅಂತ. ಹಿಂದಿಯಲ್ಲಿ ಬೇರೆಯವರ ಬಾಯಿಗೆ ಹಾಡಿದವರು ಬಂಗಾಳಿಯಲ್ಲಿ ತಮಗಾಗಿ ಹಾಡಿದ್ದಾರೆ. ಸಿನೆಮಾದ್ದಲ್ಲದ ಹಾಡುಗಳು, ಎಷ್ಟಕ್ಕೋ ಸಂಗೀತವೂ ಅವರದೇ. ದುರ್ಗಾ ಪೂಜೆಯ ಸಮಯಕ್ಕೆ ಹೊಸ ಹಾಡಿನ ರೆಕಾರ್ಡ್ ಬರುವುದು ಆಗೆಲ್ಲ ಅಲ್ಲಿನ ಪದ್ಧತಿ. ಪುಲಕ್ ಬಂದ್ಯೋಪಾಧ್ಯಾಯ ಮತ್ತು ಗೌರೀಪ್ರಸನ್ನ ಮಜುಂದಾರ್ ಬರೆದದ್ದು, ಮನ್ನಾ ಡೇ ಹಾಡಿದ್ದು, ಅಂದರೆ ಒಂದು ಕಾಲದ ಬಂಗಾಳಿ ಪ್ರೀತಿ ಪ್ರೇಮವೆಲ್ಲ ಅದರಲ್ಲೇ ಇದೆ ಅನ್ನುತ್ತಿದ್ದರು ಸಹೋದ್ಯೋಗಿಗಳು. ಕಾಲೇಜ್ ಸ್ಟ್ರೀಟಿನ ಕಾಫಿ ಹೌಸ್‌ಗೂ ಕರೆದುಕೊಂಡು ಹೋದರು. ಎತ್ತರದ ಸೂರು, ಪೇಟ ತೊಟ್ಟ ಮಾಣಿಗಳು, ಹೊಗೆ, ಗದ್ದಲ. ಅಲ್ಲಿ ಹರಟುತ್ತಿದ್ದ ಏಳು ಜನ ಗೆಳೆಯರ ಬಗ್ಗೆ 1983ರಲ್ಲಿ ಬಂದ ಹಾಡಿದೆ, ಗೌರೀಪ್ರಸನ್ನರದ್ದೇ ಸಾಹಿತ್ಯ, ಸುಪರ್ಣಕಾಂತಿ ಘೋಷ್ ಸಂಗೀತ. ಒಬ್ಬ ಪ್ಯಾರಿಸ್‌ನಲ್ಲಿ, ಒಬ್ಬ ಢಾಕಾದಲ್ಲಿ, ಒಬ್ಬ ಗೋರಿಯಲ್ಲಿ. ಏಳು ಜನ ಇಲ್ಲ, ಟೇಬಲ್ ಮಾತ್ರ ಇದೆ. ನಮ್ಮ ಕೊನೇ ಬೆಂಚಿನವರನ್ನು ಎಣಿಸುತ್ತಾ ಕುಳಿತೆ, ಕಾಫಿ ಆರಿತು. (ಕಾಫಿ ಮಾತ್ರ ಸುಮಾರು. ನಮ್ಮ ಕಡೆಯ ಫಿಲ್ಟರ್ ಕುಡಿದವರಿಗೆ ಹಿಡಿಸುವುದಿಲ್ಲ.)

ನಂತರ ಬೆಂಗಳೂರು. 2008ರಲ್ಲಿ ಎಚ್‌ಆರ್‌ಬಿಆರ್ ಲೇಔಟ್‌ನಲ್ಲಿ ಬಾಡಿಗೆಗೆ ಮನೆ ಹಿಡಿದೆ. ಮರುವರ್ಷ ಮನ್ನಾ ಡೇ ಅವರಿಗೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅಂತ ಪೇಪರಿನಲ್ಲಿ ಬಂತು. ಕೆಳಗೆ ಓದುತ್ತೇನೆ, ಅವರು ಈಗ ಬೆಂಗಳೂರಿನ ಕಲ್ಯಾಣ ನಗರದಲ್ಲಿ ಇದ್ದಾರಂತೆ! ನಾನು ತರಕಾರಿ ತರುವ ಕಲ್ಯಾಣ ನಗರದಲ್ಲಿ. ಐವತ್ತು ವರ್ಷ ಮುಂಬಯಿಯಲ್ಲಿದ್ದವರು ವಯಸ್ಸಾದ ಮೇಲೆ ಇಲ್ಲಿಗೆ ಬಂದಿದ್ದರು. ತಕ್ಷಣ ಸರ್‌ಗೆ ಫೋನ್ ಮಾಡಿದೆ. ರಿಟೈರ್ ಆಗಿ ಎಷ್ಟೋ ವರ್ಷವಾಗಿತ್ತು, ಕಿವಿ ಮಂದ. ಮೂರು ಸಲ ಹೇಳಿಸಿಕೊಂಡರು.

"ಹೋಗಿ ಒಂದು ನಮಸ್ಕಾರ ಮಾಡಿ ಬಾ. ಜಾಸ್ತಿ ಹೊತ್ತು ಕೂಡಬ್ಯಾಡ. ಮತ್ತ ಹಾಡ್ರಿ ಅಂತ ಕೇಳಬ್ಯಾಡ" ಅಂದರು.

ಹೋದೆ. ಅವರಿವರನ್ನು ಕೇಳಿ ಬೀದಿ ಪತ್ತೆ ಮಾಡಿ, ಕೈಯಲ್ಲಿ ಅರ್ಧ ಕೆಜಿ ಸೇಬು ಹಿಡಿದುಕೊಂಡು ಹೋದೆ. ಬೀದಿ ಮೂಲೆಯವರೆಗೆ. ತೊಂಬತ್ತು ವರ್ಷದವರು, ಮಲಗಿರಬಹುದು, ನಾನ್ಯಾರು ಅಂತ ಹೇಳಲಿ, ಸುಮ್ನೆ ತೊಂದರೆ ಯಾಕೆ ಅಂತ ಅಲ್ಲೇ ಹತ್ತು ನಿಮಿಷ ನಿಂತು ವಾಪಸ್ ಬಂದೆ. ಸೇಬು ಮಕ್ಕಳು ತಿಂದರು. ಸರ್ ಕೇಳಿದಾಗ ಊರಲ್ಲಿ ಇರಲಿಲ್ಲವಂತೆ ಅಂತ ಸುಳ್ಳು ಹೇಳಿದೆ. 2012ರ ಜನವರಿಯಲ್ಲಿ ಸುಲೋಚನಾ ತೀರಿಕೊಂಡರು. ಆಮೇಲೆ ಹೋಗಲು ಮನಸ್ಸೇ ಆಗಲಿಲ್ಲ.

2013ರ ಅಕ್ಟೋಬರ್ 24ರ ಬೆಳಗಿನ ಜಾವ ಅವರು ಬೆಂಗಳೂರಿನಲ್ಲೇ ಹೋದರು, ತೊಂಬತ್ತನಾಲ್ಕು ವರ್ಷ. ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿ ರವೀಂದ್ರ ಕಲಾಕ್ಷೇತ್ರಕ್ಕೆ ಹೋದೆ. ನನ್ನ ಮುಂದೆ ಒಬ್ಬ ಬಂಗಾಳಿ ಅಜ್ಜಿ, ಬಾಯಲ್ಲೇ ಏನೋ ಗುನುಗುತ್ತಿದ್ದರು, ಹಾಡೋ ಪ್ರಾರ್ಥನೆಯೋ ತಿಳಿಯಲಿಲ್ಲ. ಹೂವಿನ ನಡುವೆ ಮುಖ ಸಣ್ಣದಾಗಿ ಕಂಡಿತು. ಕೋಲ್ಕತ್ತಕ್ಕೆ ಕರೆದೊಯ್ಯಬೇಕು ಅಂತ ಅಲ್ಲಿನ ಸರ್ಕಾರ ಕೇಳಿದರೂ ಮನೆಯವರು ಒಪ್ಪಲಿಲ್ಲ, ಹೆಬ್ಬಾಳದಲ್ಲೇ ಅಂತ್ಯಕ್ರಿಯೆ ಆಯಿತು. ಆ ರಾತ್ರಿ ಸರ್‌ಗೆ ಫೋನ್ ಮಾಡಿ ನಮಸ್ಕಾರ ಮಾಡಿ ಬಂದೆ ಅಂದೆ. "ಕಡೀಕೂ ಹೋದೆಲ್ಲ" ಅಂದರು. ಹಳೆಯ ಸುಳ್ಳು ಅವರಿಗೆ ಗೊತ್ತಿತ್ತು ಅನ್ನಿಸುತ್ತದೆ.

ಸರ್ ಈಗ ಇಲ್ಲ. ಕ್ಯಾಸೆಟ್ ನನ್ನ ಹತ್ತಿರ ಇದೆ. 'ಕಾಬೂಲಿವಾಲಾ' ಹಾಡಿನ ನಡುವೆ ಅವರ ಕೆಮ್ಮು ಕೇಳುತ್ತದೆ, ಯಾರೋ ಚಹಾ ಬೇಕೇನು ಅಂತ ಕೇಳುವುದೂ ಇದೆ. ಕಾರ್ಯಕ್ರಮಕ್ಕೆ ಬರುವಾಗ ತರುತ್ತೇನೆ. ಯಾರ ಮನೆಯ ಅಟ್ಟದಲ್ಲಾದರೂ ಓಡುವ ಟೇಪ್ ರೆಕಾರ್ಡರ್ ಇದ್ದರೆ ದಯವಿಟ್ಟು ತನ್ನಿ.