ನಾಟಕಕ್ಕೆ ಮೊದಲು ರಂಗಮಂದಿರ ಯಾವುದೆಂದು ನೋಡಿಕೊಳ್ಳಿ

ಬೆಂಗಳೂರಿನಲ್ಲಿ ನಾಟಕಕ್ಕೆ ಹೊರಡುವವರು ತಂಡ ಯಾವುದು, ನಿರ್ದೇಶನ ಯಾರದು ಎಂದೆಲ್ಲ ವಿಚಾರಿಸುತ್ತಾರೆ. ಎಲ್ಲಿ ಆಡುತ್ತಾರೆ ಎನ್ನುವುದನ್ನು ಮಾತ್ರ ಮ್ಯಾಪಿಗೆ ಹಾಕಿಕೊಂಡು ಸುಮ್ಮನಾಗುತ್ತಾರೆ. ಸಂಜೆ ಕೆಡುವುದು ಸಾಮಾನ್ಯವಾಗಿ ಇಲ್ಲೇ. ಈ ಊರಿನ ಒಂದೊಂದು ರಂಗಮಂದಿರಕ್ಕೂ ಒಂದೊಂದು ಗಡಿಯಾರ, ಒಂದೊಂದು ಸ್ವಭಾವ. ಜೆ.ಪಿ. ನಗರದಲ್ಲಿ ಒಂದು ನಿಮಿಷ ತಡವಾದರೂ ಬಾಗಿಲು ಮುಚ್ಚಿರುತ್ತದೆ. ಜೆ.ಸಿ. ರಸ್ತೆಯಲ್ಲಿ ಅರ್ಧ ಗಂಟೆ ತಡವಾಗಿ ಹೋದರೂ ವೇದಿಕೆಯ ಮೇಲೆ ಇನ್ನೂ ಶಾಲು, ಹಾರ, ಫಲತಾಂಬೂಲ ನಡೆದಿರುವ ಸಾಧ್ಯತೆ ಉಂಟು.

ಮೊದಲು ಜೆ.ಪಿ. ನಗರದ ರಂಗಶಂಕರ. ಶಂಕರ್ ನಾಗ್ ಅವರ ನೆನಪಿನಲ್ಲಿ ಅರುಂಧತಿ ನಾಗ್ ಕಟ್ಟಿಸಿದ್ದು, 2004ರಲ್ಲಿ ಶುರುವಾದದ್ದು. ಸೋಮವಾರ ರಜೆ. ವಾರದ ದಿನಗಳಲ್ಲಿ ಸಂಜೆ 7.30ಕ್ಕೆ ಆಟ, ಶನಿವಾರ–ಭಾನುವಾರ ಮಧ್ಯಾಹ್ನ 3.30ಕ್ಕೂ ಒಂದು ಆಟ ಇರುವುದು ವಾಡಿಕೆ. 7.30 ಅಂದರೆ 7.30. ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ, ಟಿಕೆಟ್ ಕೈಯಲ್ಲಿದ್ದರೂ ಬಿಡುವುದಿಲ್ಲ, ಟ್ರಾಫಿಕ್ಕಿನ ಕಥೆಗೂ ಅಲ್ಲಿ ಬೆಲೆಯಿಲ್ಲ. ಬೆಂಗಳೂರಿನಲ್ಲಿ ಟ್ರಾಫಿಕ್ ಇಲ್ಲದ ಸಂಜೆ ಯಾವುದಿದೆ ಹೇಳಿ?

ಹೊಸಬರಿಗೆ ಇದು ದರ್ಪದ ಹಾಗೆ ಕಾಣುತ್ತದೆ. ಕಾರಣ ತೀರಾ ಸರಳ. ನಾಟಕದ ಮೊದಲ ದೃಶ್ಯ ಬಹಳ ಸಲ ಪೂರ್ತಿ ಕತ್ತಲೆಯಿಂದ ಶುರುವಾಗುತ್ತದೆ. ನಟರು ತಮ್ಮ ಜಾಗ ಹುಡುಕಿಕೊಳ್ಳುವುದು ನೆಲಕ್ಕೆ ಅಂಟಿಸಿದ ಚೂರುಪಾರು ರೇಡಿಯಂ ಟೇಪಿನ ಮಿಣುಕಿನಿಂದ. ದೃಶ್ಯ ಬದಲಾಗುವಾಗಲೂ ಅಷ್ಟೇ: ಕಪ್ಪು ಬಟ್ಟೆ ತೊಟ್ಟ ಇಬ್ಬರು ಮೂವರು ಕತ್ತಲಲ್ಲೇ ಬಂದು ಮಂಚ ಎತ್ತಿಕೊಂಡು ಹೋಗಿ ಸಿಂಹಾಸನ ಇಟ್ಟಿರುತ್ತಾರೆ. ಆ ಹತ್ತು ಸೆಕೆಂಡಿನಲ್ಲಿ ಬಾಗಿಲು ತೆರೆದು ಹೊರಗಿನ ಟ್ಯೂಬ್‌ಲೈಟು ಒಳಗೆ ಬಿದ್ದರೆ ಅರ್ಧ ಹೊತ್ತ ಮಂಚ ಎಲ್ಲರಿಗೂ ಕಾಣುತ್ತದೆ, ಕತ್ತಲಿಗೆ ಹೊಂದಿಕೊಂಡಿದ್ದ ನಟನ ಕಣ್ಣು ಕುರುಡಾಗುತ್ತದೆ. ಮೊಬೈಲಿನದೂ ಇದೇ ತಕರಾರು. ಸೈಲೆಂಟಿನಲ್ಲಿ ಇಟ್ಟರೆ ಸಾಲದು. ಟೈಮು ನೋಡಲು ಬೆಳಗಿಸಿದರೂ ವೇದಿಕೆಯಿಂದ ನೋಡುವವರಿಗೆ ಕತ್ತಲ ನಡುವೆ ನಿಮ್ಮ ಮುಖವೊಂದೇ ನೀಲಿಯಾಗಿ ಹೊಳೆಯುತ್ತದೆ. ಪೂರ್ತಿ ಆಫ್ ಮಾಡಿಬಿಡಿ.

ಟಿಕೆಟಿನಲ್ಲಿ ಸೀಟ್ ನಂಬರ್ ಇರುವುದಿಲ್ಲ, ಮೊದಲು ಹೋದವರಿಗೆ ಮೊದಲ ಆಯ್ಕೆ. ಸಭಾಂಗಣ ಚಿಕ್ಕದು, 300ಕ್ಕೆ ಸ್ವಲ್ಪ ಹೆಚ್ಚು ಸೀಟು. ವೇದಿಕೆ ಪ್ರೇಕ್ಷಕರ ಕಡೆಗೆ ಚಾಚಿಕೊಂಡಿದೆ, ಸೀಟುಗಳು ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತವೆ. ಹಾಗಾಗಿ ಎಲ್ಲಿ ಕೂತರೂ ಕಾಣುವುದಕ್ಕೆ ಮೋಸವಿಲ್ಲ. ಆದರೂ ಬದಿಯ ಸೀಟಿನಲ್ಲಿ ಕೂತವರಿಗೆ ಕೆಲವು ದೃಶ್ಯಗಳಲ್ಲಿ ನಟರ ಬೆನ್ನೇ ಗತಿ. ಕೊರಳು ನೋಯದ, ಬೆಳಕಿನ ವಿನ್ಯಾಸವೂ ನೆಲದ ಮೇಲಿನ ಚಲನೆಯೂ ಒಟ್ಟಿಗೆ ಕಾಣುವ ಜಾಗ ಬೇಕೆಂದರೆ ನಡುವಿನ ಭಾಗದ ನಾಲ್ಕರಿಂದ ಏಳನೇ ಸಾಲು. ಅದು ಸಿಗಬೇಕಾದರೆ 7 ಗಂಟೆಗೇ ಸಾಲಿನಲ್ಲಿ ನಿಂತಿರಬೇಕು. ಸುಮ್ಮನೆ ಕಾಯುವುದೂ ಬೇಕಿಲ್ಲ. ಆವರಣದ ಕೆಫೆಯಲ್ಲಿ ಅಕ್ಕಿರೊಟ್ಟಿ, ಸಾಬೂದಾನ ವಡೆ ತಿನ್ನುತ್ತ ನಿಂತರೆ ಹೊತ್ತು ಹೋಗುತ್ತದೆ, ಆದರೆ ತಟ್ಟೆಯನ್ನು ಒಳಗೆ ಒಯ್ಯುವಂತಿಲ್ಲ. ಬಹಳಷ್ಟು ನಾಟಕಗಳಿಗೆ ಮಧ್ಯಂತರವೇ ಇರುವುದಿಲ್ಲ, ನೀರು ಕುಡಿಯುವುದು, ಶೌಚಾಲಯಕ್ಕೆ ಹೋಗುವುದು ಎಲ್ಲ ಮುಂಚೆಯೇ ಮುಗಿಸಿಕೊಳ್ಳಿ. ಮಕ್ಕಳನ್ನು ಕರೆದೊಯ್ಯುವವರು ಆ ನಾಟಕಕ್ಕೆ ವಯಸ್ಸಿನ ಮಿತಿ ಎಷ್ಟಿದೆ ಎಂದು ಟಿಕೆಟ್ ತೆಗೆಯುವಾಗಲೇ ನೋಡಿಕೊಳ್ಳಬೇಕು. ಬಾಗಿಲಲ್ಲಿ ವಾದ ಮಾಡಿ ಗೆಲ್ಲುವ ಜಾಗ ಅದಲ್ಲ.

ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದ ಲೆಕ್ಕವೇ ಬೇರೆ. ಟ್ಯಾಗೋರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿದ್ದು, 1963ರಲ್ಲಿ ಉದ್ಘಾಟನೆಯಾದದ್ದು. ದೊಡ್ಡ ಹಾಲ್, ಬಾಲ್ಕನಿ, ಪರದೆ ಇರುವ ಚೌಕಟ್ಟಿನ ವೇದಿಕೆ. ಇಲ್ಲಿ ನಾಟಕದ ಹಿಂದೆಯೋ ಮುಂದೆಯೋ ಸಭಾ ಕಾರ್ಯಕ್ರಮ ಅಂಟಿಕೊಂಡಿರುತ್ತದೆ. ಆಹ್ವಾನ ಪತ್ರಿಕೆಯಲ್ಲಿ ‘ಸಂಜೆ 6ಕ್ಕೆ’ ಎಂದಿದ್ದು, ಕೆಳಗೆ ಅಧ್ಯಕ್ಷತೆ, ಮುಖ್ಯ ಅತಿಥಿಗಳು, ಸನ್ಮಾನಿತರು ಎಂದು ಏಳೆಂಟು ಹೆಸರಿದ್ದರೆ ನಾಟಕ ಏಳೂವರೆಗೆ ಮೊದಲು ಶುರುವಾಗುವ ಆಸೆ ಬೇಡ. ಹೆಸರುಗಳೇ ಇಲ್ಲದ, ಟಿಕೆಟ್ ಇಟ್ಟ ಪ್ರದರ್ಶನವಾದರೆ ಹೊತ್ತಿಗೆ ಸರಿಯಾಗಿ ಹೋಗಿ. ಮೂರನೇ ಗಂಟೆ ಹೊಡೆದರೆ ಪರದೆ ಏಳುತ್ತದೆ.

ಕೂರುವ ಜಾಗದ ವಿಷಯದಲ್ಲಿ ಇಲ್ಲಿ ಎರಡು ಅಡಚಣೆ. ಮುಂದಿನ ಸಾಲುಗಳು ಗಣ್ಯರಿಗೆ ಮೀಸಲು. ಅವರು ಬಾರದಿದ್ದರೂ ಖಾಲಿ ಬಿಟ್ಟಿರುತ್ತಾರೆ, ನಾಟಕ ಶುರುವಾದ ಮೇಲೆ ಕತ್ತಲಲ್ಲಿ ಅಲ್ಲಿಗೆ ಓಡುವವರ ಗದ್ದಲ ಬೇರೆ. ಇನ್ನೊಂದು, ಬಾಲ್ಕನಿಯ ಅಡಿಯ ಹಿಂದಿನ ಸಾಲುಗಳು. ಮೈಕ್ ಇಲ್ಲದೆ ಆಡುವ ಹವ್ಯಾಸಿ ತಂಡದ ಮಾತು ಅಲ್ಲಿಗೆ ಮಂಕಾಗಿ ಮುಟ್ಟುತ್ತದೆ, ಅದರಲ್ಲೂ ವಾಕ್ಯದ ಕೊನೆಯ ಪದ ಉದುರಿಹೋಗುತ್ತದೆ. ಹಾಲಿನ ನಡು ಮುಂಭಾಗ ಸಿಗದಿದ್ದರೆ ಬಾಲ್ಕನಿಯ ಮೊದಲ ಸಾಲೇ ವಾಸಿ.

ಕಾರು ತರದಿದ್ದರೆ ಒಳ್ಳೆಯದು. ಜೆ.ಸಿ. ರಸ್ತೆ ಒಂದೇ ದಿಕ್ಕಿನದು, ಗೇಟು ತಪ್ಪಿತೆಂದರೆ ಒಂದು ಇಡೀ ಸುತ್ತು. ಮೆಟ್ರೊ ಹಸಿರು ಮಾರ್ಗದ ಕೆ.ಆರ್. ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದು ಪುರಭವನದ ಕಡೆಗೆ ನಡೆದರೆ ಹೆಚ್ಚೆಂದರೆ ಕಾಲು ಗಂಟೆ.

ಕಲಾಕ್ಷೇತ್ರದ ಹಿಂದೆ ಸಂಸ ಬಯಲು ರಂಗಮಂದಿರ. 1972ರಲ್ಲಿ ಬಿ.ವಿ. ಕಾರಂತರು ಈ ಹಿಂಬದಿಯ ಬಯಲಲ್ಲಿ ಆಡಿಸಿದ ನಾಟಕಗಳಿಂದ ಕನ್ನಡ ಹವ್ಯಾಸಿ ರಂಗಭೂಮಿಯ ಚಹರೆಯೇ ಬದಲಾಯಿತು. ಕಲ್ಲಿನ ಮೆಟ್ಟಿಲ ಮೇಲೆ ಕೂರಬೇಕು, ಕೆಳಗೆ ಹಾಸಿಕೊಳ್ಳಲು ಒಂದು ಟವೆಲ್, ಸೊಳ್ಳೆಗೆ ಏನಾದರೂ ಹಚ್ಚಿಕೊಂಡರೆ ಸಾಕು. ಆಗಸ್ಟ್–ಸೆಪ್ಟೆಂಬರಿನಲ್ಲಿ ಸಂಜೆ ಮಳೆ ಬಂದರೆ ಆಟ ನಿಲ್ಲುತ್ತದೆ, ಹೊರಡುವ ಮೊದಲು ತಂಡದವರಿಗೆ ಫೋನ್ ಮಾಡಿ. ಪಕ್ಕದಲ್ಲೇ ಕನ್ನಡ ಭವನದ ನಯನ ಸಭಾಂಗಣ ಇದೆ. ಅದಕ್ಕೂ ಕಲಾಕ್ಷೇತ್ರಕ್ಕೂ ಗೊಂದಲ ಮಾಡಿಕೊಂಡು ಬೇರೆ ಯಾವುದೋ ಪುಸ್ತಕ ಬಿಡುಗಡೆಗೆ ಹೋಗಿ ಕೂರುವವರು ಈಗಲೂ ಇದ್ದಾರೆ.

ಹನುಮಂತನಗರದ ಕೆ.ಎಚ್. ಕಲಾಸೌಧ ಹವ್ಯಾಸಿ ತಂಡಗಳ ಅಚ್ಚುಮೆಚ್ಚಿನ ಜಾಗ, ಗಾಡಿ ನಿಲ್ಲಿಸುವುದೇ ಅಲ್ಲಿನ ತಲೆನೋವು. ಮಲ್ಲತ್ತಹಳ್ಳಿಯ ಕಲಾಗ್ರಾಮ ಊರಾಚೆಯಂತೆ ಕಂಡರೂ ನೇರಳೆ ಮಾರ್ಗದ ಜ್ಞಾನಭಾರತಿ ನಿಲ್ದಾಣದಿಂದ ಆಟೊ ಸಿಗುತ್ತದೆ. ವಾಪಸು ಬರುವಾಗ ಸಿಗುವುದಿಲ್ಲ, ಆ ಏರ್ಪಾಡು ಮೊದಲೇ ಮಾಡಿಕೊಳ್ಳಿ. ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನದಲ್ಲಿ ಸಂಗೀತ ಕಛೇರಿಗೆ ಹೋಗುವುದು ಸುಖ. ಮೆಲುಮಾತಿನ ನಾಟಕಕ್ಕೆ ಆ ಹಾಲ್ ನನ್ನ ಮಟ್ಟಿಗೆ ತೀರಾ ದೊಡ್ಡದು.

ಟಿಕೆಟಿನ ಮಾತು. ಆನ್‌ಲೈನಿನಲ್ಲಿ ತೆಗೆದರೆ ಮೇಲೆ ಅವರ ಶುಲ್ಕ ಬೀಳುತ್ತದೆ. ಪೋಸ್ಟರಿನಲ್ಲಿರುವ ನಂಬರಿಗೆ ಫೋನ್ ಮಾಡಿ ಹೆಸರು ಬರೆಸಿ, ಕೌಂಟರಿನಲ್ಲಿ ದುಡ್ಡು ಕೊಡುವ ಪದ್ಧತಿ ಹವ್ಯಾಸಿ ತಂಡಗಳಲ್ಲಿ ಇನ್ನೂ ಇದೆ. ಹೆಸರು ಬರೆಸಿ ಬಾರದೆ ಇರಬೇಡಿ. ಆ ಸೀಟನ್ನು ಅವರು ಬೇರೆಯವರಿಗೆ ಇಲ್ಲವೆಂದು ಹೇಳಿ ಕಳಿಸಿರುತ್ತಾರೆ, ಹಾಲಿನ ಬಾಡಿಗೆ ಮತ್ತು ಸೆಟ್ಟು ಹೊತ್ತ ಟೆಂಪೋದ ಬಾಡಿಗೆ ಹುಟ್ಟುವುದು ಆ ದುಡ್ಡಿನಿಂದಲೇ.

ಮಳೆಗಾಲದ ಒಂದು ವಿಶೇಷ ಹೇಳದಿದ್ದರೆ ಕರಾವಳಿಯವರು ಬೈದಾರು. ಪತ್ತನಾಜೆಗೆ, ಅಂದರೆ ಮೇ ಕೊನೆಯ ಹೊತ್ತಿಗೆ, ಯಕ್ಷಗಾನ ಮೇಳಗಳ ತಿರುಗಾಟ ಮುಗಿದ ಮೇಲೆ ಕಲಾವಿದರು ಬೆಂಗಳೂರಿಗೆ ಬರುತ್ತಾರೆ, ಕಲಾಕ್ಷೇತ್ರದಲ್ಲಿ ಶನಿವಾರ ರಾತ್ರಿ ಹತ್ತರ ಸುಮಾರಿಗೆ ಶುರುವಾಗಿ ಬೆಳಗಿನವರೆಗೆ ಆಟ ನಡೆಯುವುದುಂಟು. ಪೀಠಿಕೆ ತಪ್ಪಿದರೆ ಚಿಂತೆಯಿಲ್ಲ, ನುರಿತ ಕಲಾವಿದರ ವೇಷಗಳು ರಂಗಕ್ಕೆ ಬರುವುದು ನಡುರಾತ್ರಿ ಕಳೆದ ಮೇಲೆಯೇ. ಚಂಡೆಯ ಸದ್ದಿಗೆ ಎಳೆಯ ಮಕ್ಕಳು ಬೆಚ್ಚುತ್ತಾರೆ, ಅವರ ಜೊತೆ ಹಿಂದೆ ಕೂರಿ. ಎರಡು ಗಂಟೆಯ ಮೇಲೆ ಚಳಿಯಾಗುತ್ತದೆ, ಶಾಲು ಇರಲಿ. ಇನ್ನೊಂದು: ಬೇರೆ ದಿನಗಳಲ್ಲಿ ಮೆಟ್ರೊ ಬೆಳಗ್ಗೆ 5ರ ಹೊತ್ತಿಗೆಲ್ಲ ಓಡಾಡುತ್ತಿರುತ್ತದೆ, ಭಾನುವಾರ ಮಾತ್ರ 7ಕ್ಕೆ. ಅದಕ್ಕೂ ಮುಂಚೆ ಮನೆ ಸೇರಬೇಕೆನ್ನುವವರು ಮಾರುಕಟ್ಟೆಯ ಬಸ್ ನಿಲ್ದಾಣಕ್ಕೆ ನಡೆದರಾಯಿತು.