ಎರಡು ದಿನ ಆತ್ರೀ

"ಯಾವಾಗಿಂದ ಕೆರ್ಕೊಳ್ಳಾಕತ್ತೈತ್ರೀ?" ಅಂತ ಡಾಕ್ಟರ್ ಮೇಡಂ ಕೇಳಿದರು. ನಾನು ಒಂದು ಕ್ಷಣವೂ ಯೋಚನೆ ಮಾಡಲಿಲ್ಲ. "ಎರಡು ದಿನ ಆತ್ರೀ" ಅಂದೆ. ಪಕ್ಕದಲ್ಲಿ ಗಿನಿಪಿಗ್ ಬುಟ್ಟಿ ಹಿಡಿದು ನಿಂತಿದ್ದ ಮಗಳು ತಲೆ ಎತ್ತಿ ನನ್ನ ಮುಖ ನೋಡಿದಳು. ಆಮೇಲೆ ಮೇಡಂ ಕಡೆ ತಿರುಗಿ, "ಇಲ್ರೀ, ಗಣಪತಿ ಕೂತ ದಿನದಿಂದ. ನಾ ಪಪ್ಪಾಗ ಹೇಳಿದ್ದೆ" ಅಂದಳು.

ಇದು ಮಂಗಳವಾರದ ಮಾತು. ಇವತ್ತು ಶನಿವಾರ. ಇನ್ನೂ ತಲೆಯಿಂದ ಹೋಗಿಲ್ಲ. ಹಲ್ಲುಜ್ಜುವಾಗ ನೆನಪಾಗುತ್ತೆ, ಸ್ಕೂಟರ್ ಸ್ಟಾರ್ಟ್ ಮಾಡುವಾಗ ನೆನಪಾಗುತ್ತೆ, ಒಂಬತ್ತನೇ ಕ್ಲಾಸಿನಲ್ಲಿ ಪಾಠ ಮಾಡುತ್ತ ಬೋರ್ಡಿನ ಕಡೆ ತಿರುಗಿದಾಗಲೂ ನೆನಪಾಯಿತು. ನಾಲ್ಕನೇ ಕ್ಲಾಸಿನ ಹುಡುಗಿ. ಧ್ವನಿಯಲ್ಲಿ ಸಿಟ್ಟು ಇರಲಿಲ್ಲ, ಚಾಡಿ ಹೇಳುವ ಖುಷಿಯೂ ಇರಲಿಲ್ಲ. ಲೆಕ್ಕ ತಪ್ಪಿದವರನ್ನ ತಿದ್ದುವ ಹಾಗೆ ಹೇಳಿದಳು, ಅಷ್ಟೇ.

ನಮ್ಮ ಮನೆಯಲ್ಲಿ ಎರಡು ಗಿನಿಪಿಗ್ ಇವೆ. ಒಂದು ಗಿರಮಿಟ್, ಇನ್ನೊಂದು ಮಿರ್ಚಿ. ಹುಬ್ಬಳ್ಳಿ ಮನೆ, ಬೇರೆ ಏನು ಹೆಸರಿಡ್ತೀರಿ? ಗಿರಮಿಟ್ ಬಂದಿದ್ದು ಮಗಳ ಹುಟ್ಟುಹಬ್ಬಕ್ಕೆ. ಒಂದೇ ಇದ್ದರೆ ಬೇಜಾರಾಗುತ್ತೆ ಅಂತ ಪಂಚಮಿ ರಜೆಯಲ್ಲಿ ಮಿರ್ಚಿಯನ್ನ ತಂದೆವು. ಬೇಜಾರಾಗುತ್ತೆ ಅನ್ನೋದು ನಿಜ, ಅವು ಗುಂಪಿನಲ್ಲಿ ಬದುಕುವ ಪ್ರಾಣಿಗಳು. ಆದರೆ ಅಂಗಡಿಯಿಂದ ತಂದಿದ್ದನ್ನ ಸೀದಾ ಅದೇ ಪಂಜರಕ್ಕೆ ಬಿಟ್ಟೆವು. ಎರಡು ಮೂರು ವಾರ ಬೇರೆ ಇಡಬೇಕು ಅಂತ ಅಂಗಡಿಯವನು ಹೇಳಲಿಲ್ಲ, ನಾವೂ ಕೇಳಲಿಲ್ಲ. ಎರಡೂ ಗಂಡು ಅಂತ ಮಾತ್ರ ಗಟ್ಟಿಯಾಗಿ ಹೇಳಿದ್ದ. ಮಂಗಳವಾರ ಮೇಡಂ ಒಂದೊಂದನ್ನೇ ಎತ್ತಿ ನೋಡಿ, "ಎರಡೂ ಹೆಣ್ಣು ಅದಾವು, ನಿಮ್ಮ ಪುಣ್ಯ" ಅಂದರು. ಒಂದು ಗಂಡಾಗಿದ್ದರೆ ಎರಡು ತಿಂಗಳು ಹೆಚ್ಚುಕಮ್ಮಿಗೆ ಮರಿ ಹಾಕಿ, ಮನೆಯಲ್ಲಿ ಒಂದು ಪ್ಲೇಟ್ ಮಿರ್ಚಿ ಆಗುತ್ತಿತ್ತು.

ಗಣಪತಿ ದಿನ ಏನಾಯಿತು ಅಂದರೆ, ನಾನು ಬಾಗಿಲಿಗೆ ಮಾವಿನ ತೋರಣ ಕಟ್ಟುತ್ತ ಸ್ಟೂಲಿನ ಮೇಲೆ ನಿಂತಿದ್ದೆ. ಮಗಳು ಬಂದು "ಪಪ್ಪಾ, ಗಿರಮಿಟ್ ಕೂದಲಾ ಉದರಾಕತ್ತಾವು" ಅಂದಳು. ನನಗೆ ಗೊತ್ತಿತ್ತು ನೋಡಿ! ಗಿನಿಪಿಗ್‌ಗಳಿಗೆ ಕಿವಿಯ ಹಿಂದೆ ಒಂದೊಂದು ಬೋಳು ಜಾಗ ಹುಟ್ಟಿನಿಂದಲೇ ಇರುತ್ತೆ. ತಂದ ಹೊಸದರಲ್ಲಿ ನನ್ನ ಹೆಂಡತಿ ಅದನ್ನ ನೋಡಿ ಗಾಬರಿಯಾಗಿದ್ದಳು, ಆಗ ಓದಿ ತಿಳಿದುಕೊಂಡಿದ್ದೆ. ಅದೇ ಜ್ಞಾನವನ್ನ ಸ್ಟೂಲಿನ ಮೇಲಿಂದಲೇ ಕೊಟ್ಟೆ. "ಅದು ಹಂಗ ಇರತೈತಿ, ನಾರ್ಮಲ್." ಅವಳು, "ಕಿವಿ ಹಿಂದ ಅಲ್ಲ ಪಪ್ಪಾ, ಬೆನ್ನ ಮ್ಯಾಲ" ಅಂದಳು. ಇದು ನನಗೆ ಕೇಳಿಸಿತ್ತು. ಕೇಳಿಸಿಲ್ಲ ಅಂತ ಈಗ ಹೇಳಬಹುದು, ಯಾರೂ ಬಂದು ನೋಡುವುದಿಲ್ಲ. ಆದರೆ ಕೇಳಿಸಿತ್ತು.

ಏನೂ ಗೊತ್ತಿಲ್ಲದವನಾಗಿದ್ದರೆ ಇಳಿದು ಹೋಗಿ ನೋಡುತ್ತಿದ್ದೆನೋ ಏನೋ.

ಆಮೇಲಿನ ದಿನಗಳಲ್ಲಿ ಸುಮ್ನೆ ಅಂತೂ ಕೂತಿರಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದೆ. ಪಕ್ಕದ ಮನೆ ಕಾಕು ನೋಡಿ, "ಇದು ಹುರುಕು ಐತಿ, ಕೊಬ್ಬರಿ ಎಣ್ಣ್ಯಾಗ ಕರ್ಪೂರ ಹಾಕಿ ಹಚ್ಚ್ರಿ" ಅಂದರು. ಹಚ್ಚಿದೆ. ಕಾಕು ರೋಗ ಹೇಳಿದ್ದು ಸರಿಯಾಗಿತ್ತು, ಔಷಧ ತಪ್ಪಾಗಿತ್ತು. ಅವು ಮೈ ನೆಕ್ಕಿಕೊಳ್ಳುವ ಪ್ರಾಣಿ, ಕರ್ಪೂರ ಹೊಟ್ಟೆಗೆ ಹೋದರೆ ವಿಷ. ಕಾಕು ಮೇಲೆ ನನಗೆ ಸಿಟ್ಟಿಲ್ಲ. ಅವರು ಕಣ್ಣಿಂದ ನೋಡಿ ಹೇಳಿದರು, ನಾನು ಅಷ್ಟೂ ಮಾಡಿರಲಿಲ್ಲ. ಸಿಟ್ಟು ಬಂದಿದ್ದು ಔಷಧ ಅಂಗಡಿಯವನ ಮೇಲೆ. ಏನು ಪ್ರಾಣಿ ಅಂತಲೂ ಕೇಳದೆ, "ಗಾಯ ಆಗೈತಿ ಅಂದ್ರ ಅಮಾಕ್ಸಿಸಿಲಿನ್ ಹಾಕ್ರಿ, ಮಕ್ಕಳ ಸಿರಪ್ ಇರ್ತೈತಲ್ಲ" ಅಂದ. ನಮ್ಮ ಫ್ರಿಜ್ಜಿನಲ್ಲಿ ಮಗಳ ಕೆಮ್ಮಿಗೆ ತಂದಿದ್ದು ಅರ್ಧ ಬಾಟ್ಲಿ ಇತ್ತು. ಕೊಡಬೇಕು ಅಂತಲೇ ಇದ್ದೆ, ಪಿಪೆಟ್ ಸಿಗಲಿಲ್ಲ. ಪಿಪೆಟ್ ಸಿಗದಿದ್ದಕ್ಕೆ ಗಿರಮಿಟ್ ಉಳಿಯಿತು. ಪೆನಿಸಿಲಿನ್ ಜಾತಿಯ ಔಷಧವನ್ನ ಗಿನಿಪಿಗ್ ಬಾಯಿಗೆ ಹಾಕಿದರೆ ಕರುಳಿನಲ್ಲಿರುವ ಒಳ್ಳೆ ಬ್ಯಾಕ್ಟೀರಿಯಾ ಸತ್ತು, ಕೆಟ್ಟವು ಬೆಳೆದು, ಅದು ಕೆಲವೇ ದಿನದಲ್ಲಿ ಸಾಯಬಹುದು. ಇದನ್ನ ಹೇಳುವಾಗ ಮೇಡಂ ನನ್ನನ್ನ ನೋಡಿದ ರೀತಿ ಇದೆಯಲ್ಲ, ಅದು ಬೇಡ ಬಿಡಿ.

ಸೋಮವಾರ ರಾತ್ರಿ ಊಟಕ್ಕೆ ಕೂತಿದ್ದೆವು. ಪಂಜರದಿಂದ ತಟತಟ ಸಪ್ಪಳ. ಗಿರಮಿಟ್ ಹಿಂಗಾಲಿನಿಂದ ಬೆನ್ನು ಕೆರೆದುಕೊಳ್ಳುತ್ತಿತ್ತು, ನಿಲ್ಲಿಸುತ್ತಲೇ ಇಲ್ಲ. ಕೆರೆದು ಕೆರೆದು ಒಮ್ಮೆಲೇ ಅಡ್ಡ ಬಿತ್ತು. ಕತ್ತು ಹಿಂದಕ್ಕೆ, ನಾಲ್ಕೂ ಕಾಲು ಗಾಳಿಯಲ್ಲಿ ಓಡುವ ಹಾಗೆ, ಕಣ್ಣು ತೆರೆದೇ ಇದೆ. ಅರ್ಧ ನಿಮಿಷ ಇರಬಹುದು. ನಾನು ಸತ್ತೇಹೋಯಿತು ಅಂದುಕೊಂಡೆ. ಹೆಂಡತಿ ಮಗಳ ಕಣ್ಣು ಮುಚ್ಚಲು ಹೋದಳು, ಮಗಳು ಕೈ ತಳ್ಳಿ ನೋಡುತ್ತಲೇ ಇದ್ದಳು. ಆಮೇಲೆ ಅದು ಎದ್ದಿತು. ಎದ್ದು, ಏನೂ ಆಗಿಲ್ಲವೆಂಬಂತೆ ಸೌತೆಕಾಯಿ ತುಂಡು ತಿಂದಿತು. ಆಗ ಮೊದಲ ಸಲ ಲೈಟ್ ಹಾಕಿ, ತೊಡೆಯ ಮೇಲೆ ಇಟ್ಟುಕೊಂಡು, ಕೂದಲು ಸರಿಸಿ ನೋಡಿದೆ. ಬೆನ್ನಿನಿಂದ ಸೊಂಟದವರೆಗೆ ಬೋಳು. ಚರ್ಮ ದಪ್ಪಗಾಗಿ, ಹಳದಿ ಹೊಟ್ಟು ಹಿಡಿದು, ನಡುನಡುವೆ ಉಗುರಿನ ಗೀರು, ಒಣಗಿದ ರಕ್ತ. ಬೆರಳು ತಾಗಿಸಿದರೆ ಸಾಕು, ಮೈಯೆಲ್ಲ ನಡುಗುತ್ತಿತ್ತು.

ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಇಬ್ಬರಿಗೆ ಫೋನ್ ಮಾಡಿದೆ. ಒಬ್ಬರು ಎತ್ತಲಿಲ್ಲ. ಇನ್ನೊಬ್ಬರು, "ನಾಯಿ, ಬೆಕ್ಕು, ಆಕಳಾ, ಎಮ್ಮಿ ನೋಡ್ತೀನ್ರಿ, ಇದು ನನಗ ಗೊತ್ತಿಲ್ಲ, ಸುಳ್ಳ ಹೇಳಂಗಿಲ್ಲ" ಅಂದು ಧಾರವಾಡದ ಈ ಮೇಡಂ ನಂಬರ್ ಕೊಟ್ಟರು. ಅವರಿಗೆ ನೂರು ನಮಸ್ಕಾರ. ಸ್ಕೂಟರ್ ಮೇಲೆ ಬುಟ್ಟಿ, ಮೇಲೆ ಹಳೆ ಟವೆಲ್. ಉಣಕಲ್ ಕೆರೆ ದಾಟಿ, ನವನಗರ, ರಾಯಾಪುರ, ಸತ್ತೂರು. ದಾರಿಯುದ್ದಕ್ಕೂ ಮಗಳು ಟವೆಲ್ ಒಳಗೆ ಏನೋ ಹೇಳುತ್ತಿದ್ದಳು. ಕ್ಲಿನಿಕ್ಕಿನಲ್ಲಿ ಮುಧೋಳ ನಾಯಿ ಹಿಡಿದು ಕೂತಿದ್ದ ಒಬ್ಬರು ಬುಟ್ಟಿಯಲ್ಲಿ ಇಣುಕಿ, "ಮೊಲ ಏನ್ರೀ? ಕಿವಿ ಯಾರ ಕೊಯ್ದಾರ?" ಅಂದರು. ನಾನು ನಕ್ಕೆ, ಮಗಳು ನಗಲಿಲ್ಲ.

ಆಮೇಲೆ ಒಳಗೆ ಹೋದೆವು. ಆ ಪ್ರಶ್ನೆ ಬಂತು, ನಾನು ಎರಡು ದಿನ ಅಂದೆ.

ಮೇಡಂ ಬೈಯಲಿಲ್ಲ. ಮಗಳ ಕಡೆ ತಿರುಗಿ ಮುಂದಿನ ಪ್ರಶ್ನೆಗಳನ್ನೆಲ್ಲ ಅವಳಿಗೇ ಕೇಳಿದರು. ನಾನು ಬಿಲ್ ಕೊಡಲು ಬಂದ ಮನುಷ್ಯನಾಗಿಬಿಟ್ಟೆ. ಮೊದಲು ಎಲ್ಲಿಂದ ಉದುರಿತು, ಕೆರೆದುಕೊಳ್ಳುತ್ತಾ ಅಥವಾ ಸುಮ್ನೆ ಉದುರುತ್ತಾ? ಅದೇ ಮುಖ್ಯವಂತೆ. ವಯಸ್ಸಾದ ಹೆಣ್ಣಿಗೆ ಅಂಡಾಶಯದಲ್ಲಿ ಗಂಟಾದರೆ ಎರಡೂ ಪಕ್ಕೆಯಲ್ಲಿ ಸಮನಾಗಿ ಕೂದಲು ಹೋಗುತ್ತೆ, ಕೆರೆತ ಇರಲ್ಲ. ಫಂಗಸ್ ಆದರೆ ಹೆಚ್ಚಾಗಿ ಮೂಗು, ಕಣ್ಣು, ಕಿವಿ ಸುತ್ತ ಶುರುವಾಗುತ್ತೆ, ಮಕ್ಕಳಿಗೂ ಅಂಟುತ್ತೆ. ಅದಕ್ಕೇ ಗಿರಮಿಟ್ ಮೂತಿ ನೋಡಿದ ಮೇಲೆ ಮಗಳ ಮುಂಗೈ ತಿರುಗಿಸಿ ನೋಡಿದರು. ಇದು ಎರಡೂ ಅಲ್ಲ. ಬ್ಲೇಡಿನಿಂದ ಚರ್ಮ ಮೆತ್ತಗೆ ಕೆರೆದು, ಗಾಜಿನ ಮೇಲೆ ಎಣ್ಣೆ ಹನಿ ಹಾಕಿ, ಮೈಕ್ರೋಸ್ಕೋಪಿನಲ್ಲಿ ಇಟ್ಟರು. ಮಗಳನ್ನ ಕರೆದು ತೋರಿಸಿದರು. ಆಮೇಲೆ ನಾನೂ ನೋಡಿದೆ. ದುಂಡಗೆ, ಮೊಂಡು ಕಾಲಿನ ಒಂದು ಹುಳ, ಒದ್ದಾಡುತ್ತಿತ್ತು. ಟ್ರಿಕ್ಸಾಕೇರಸ್ ಅಂತ ಹೆಸರು. ಬರಿಗಣ್ಣಿಗೆ ಕಾಣಲ್ಲ, ಚರ್ಮದೊಳಗೆ ಸುರಂಗ ಕೊರೆದು ಇರುತ್ತೆ. ಅದರ ಕೆರೆತ ಎಷ್ಟಿರುತ್ತೆ ಅಂದರೆ, ಆ ಸಂಕಟಕ್ಕೇ ಗಿನಿಪಿಗ್‌ಗೆ ಫಿಟ್ಸ್ ಬರುತ್ತೆ. ಸೋಮವಾರ ರಾತ್ರಿ ನೋಡಿದ್ದು ಅದು. ಕೆಲವು ಸಲ ಕೆರೆದು ನೋಡಿದರೂ ಹುಳ ಸಿಗಲ್ಲ, ಆದರೂ ಔಷಧ ಕೊಡ್ತೀವಿ ಅಂದರು.

"ಏನ ತಿನಸ್ತೀರಿ?" ಇದಕ್ಕೂ ಮಗಳೇ ಉತ್ತರ ಕೊಟ್ಟಳು. ಸೌತೆಕಾಯಿ, ಗಜ್ಜರಿ, ಮೊಲದ ಕಾಳು, ರೊಟ್ಟಿ. "ಪಪ್ಪಾ ಊಟಕ್ಕ ಕೂತಾಗ ರೊಟ್ಟಿ ಹಾಕ್ತಾರ್ರೀ." ಮೇಡಂ ಪೆನ್ನು ಕೆಳಗಿಟ್ಟು, "ವಿಟಮಿನ್ ಸಿ?" ಅಂದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವನು. ಹಡಗಿನವರ ಸ್ಕರ್ವಿ ರೋಗದ ಕಥೆಯನ್ನ ಹನ್ನೆರಡು ವರ್ಷದಿಂದ ಹೇಳುತ್ತ ಬಂದಿದ್ದೇನೆ. ಅದರಲ್ಲೇ ಬರುತ್ತೆ: 1907ರಲ್ಲಿ ನಾರ್ವೆಯ ಹೋಲ್ಸ್ಟ್, ಫ್ರೋಲಿಕ್ ಅನ್ನುವ ಇಬ್ಬರು ಗಿನಿಪಿಗ್‌ಗಳಿಗೆ ಬರೀ ಧಾನ್ಯ, ಬ್ರೆಡ್ಡು ತಿನ್ನಿಸಿದಾಗ ಅವಕ್ಕೆ ಸ್ಕರ್ವಿ ಬಂತು, ಯಾಕೆಂದರೆ ನಮ್ಮ ಹಾಗೆ ಅವೂ ಮೈಯಲ್ಲಿ ವಿಟಮಿನ್ ಸಿ ಮಾಡಿಕೊಳ್ಳಲಾರವು. ಶಾಲೆಯಲ್ಲಿ ಈ ಪಾಠ, ಮನೆಯಲ್ಲಿ ಜೋಳದ ರೊಟ್ಟಿ! ನಾರ್ವೆಯವರು ಮಾಡಿದ ಪ್ರಯೋಗವನ್ನೇ ನಾನು ಹುಬ್ಬಳ್ಳಿಯಲ್ಲಿ ಮತ್ತೆ ಮಾಡಿದ ಹಾಗಾಯಿತು. ದಿನಕ್ಕೆ ಕೇಜಿ ತೂಕಕ್ಕೆ 10ರಿಂದ 30 ಮಿಲಿಗ್ರಾಂ ಬೇಕು. ಮೊಲದ ಕಾಳಿಗೆ ಅದನ್ನ ಸೇರಿಸಿರುವುದಿಲ್ಲ, ಮೊಲಕ್ಕೆ ಬೇಕಿಲ್ಲವಲ್ಲ. ಡೊಣ್ಣಮೆಣಸಿನಕಾಯಿ, ಕೊತ್ತಂಬರಿ, ಒಂದು ಚೂರು ಪ್ಯಾರಲಹಣ್ಣು, ಮತ್ತೆ ಯಾವಾಗಲೂ ಮುಂದೆ ಒಣ ಹುಲ್ಲು. ಇಷ್ಟೇ. ಕೊರತೆ ಇದ್ದ ಮೈ ಹುಳಕ್ಕೆ ಬೇಗ ಸೋಲುತ್ತೆ.

ತೂಕ ಹಾಕಿದರು, 780 ಗ್ರಾಂ. ಔಷಧ ಐವರ್ಮೆಕ್ಟಿನ್. ಜಪಾನಿನ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯಿಂದ ಬಂದಿದ್ದು, ಆ ಕೆಲಸಕ್ಕೆ ಒಮುರಾ ಮತ್ತು ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಂತು. ಅದೇ ಬಾಟ್ಲಿಯಿಂದ ಆಕಳಿಗೆ ಎಂಟು ಎಂ.ಎಲ್. ಹೋಗುತ್ತೆ. ಗಿರಮಿಟ್‌ಗೆ ಇನ್ಸುಲಿನ್ ಸಿರಿಂಜಿನಲ್ಲಿ ಎರಡು ಮೂರು ಗೆರೆ. ತೂಕ ನೋಡದೆ ಅಂದಾಜಿನಲ್ಲಿ ಹಾಕಿದರೆ ಕಥೆ ಮುಗಿಯುತ್ತೆ. ಮಿರ್ಚಿ ಮೈ ಚೆನ್ನಾಗೇ ಇತ್ತು, ಅದಕ್ಕೂ ಹಾಕಿದರು. ಹತ್ತು ಹನ್ನೆರಡು ದಿನ ಬಿಟ್ಟು ಮತ್ತೆ, ಆಮೇಲೆ ಇನ್ನೊಂದು ಸಲ, ಯಾಕೆಂದರೆ ಮೊಟ್ಟೆಗೆ ಔಷಧ ತಾಗಲ್ಲ, ಮರಿ ಹೊರಬಂದ ಮೇಲೆ ಹಿಡಿಯಬೇಕು. ಹಿಂಗಾಲಿನ ಉಗುರು ಕತ್ತರಿಸಿದರು. ಪಂಜರ ಬಿಸಿನೀರಲ್ಲಿ ತೊಳೆದು, ಕಟ್ಟಿಗೆ ಹೊಟ್ಟು ಎಲ್ಲ ಎಸೆಯಿರಿ, ಎಣ್ಣೆ ಗಿಣ್ಣೆ ಮತ್ತೆ ಮುಟ್ಟಬೇಡಿ ಅಂದರು.

ಆ ಇನ್ಸುಲಿನ್ ಸಿರಿಂಜು ನೋಡಿದ ಮೇಲೆ ನನ್ನ ತಲೆ ಬೇರೆ ಕಡೆ ಹೋಯಿತು. ನಮ್ಮ ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಅಂಗಾಲಿನಲ್ಲಿ ಗಾಯ ಆಗಿತ್ತು, ಬಟ್ಟೆ ಕಟ್ಟಿಕೊಂಡು ಓಡಾಡುತ್ತಿದ್ದರು. ಕೊನೆಗೆ ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರ್ ಎಷ್ಟು ದಿನ ಆತು ಅಂತ ಕೇಳಿದರು. ಅಪ್ಪ, "ಎರಡು ದಿನ ಆತ್ರೀ ಸಾಹೇಬರ" ಅಂದರು. ಮೂರು ವಾರ ಆಗಿತ್ತು. ನನಗೆ ಗೊತ್ತಿತ್ತು. ಪಕ್ಕದಲ್ಲೇ ನಿಂತಿದ್ದೆ, ಆಗ ಇಪ್ಪತ್ತಾರು ವರ್ಷ, ನೌಕರಿಯೂ ಇತ್ತು. ಅಪ್ಪನ ಮಾತು ತಿದ್ದಬಾರದು ಅಂತ ಸುಮ್ಮನಿದ್ದೆ. ಹೆಬ್ಬೆರಳು ತೆಗೆದರು. ಮೊದಲೇ ಹೇಳಿದ್ದರೂ ತೆಗೆಯುತ್ತಿದ್ದರೇನೋ, ಗೊತ್ತಿಲ್ಲ. ಅಪ್ಪ ಹೋಗಿ ಎಷ್ಟೋ ವರ್ಷ ಆಯಿತು, ಆ ಎರಡು ದಿನ ಮಾತ್ರ ನನ್ನ ಬಾಯಿಗೆ ಬಂದು ಕೂತಿದೆ.

ಯಾಕೆ ಯಾವಾಗಲೂ ಎರಡೇ ದಿನ? ಒಂದು ದಿನ ಅಂದರೆ, ಇಷ್ಟಕ್ಕೇ ಬಂದ್ರೇನು ಅಂತಾರೆ. ವಾರ ಅಂದರೆ, ಇಷ್ಟು ದಿನ ಏನ ಮಾಡ್ತಿದ್ರಿ ಅಂತಾರೆ. ಎರಡು ಅಂದರೆ ಯಾರೂ ಏನೂ ಅನ್ನಲ್ಲ. ಶಾಲೆಗೆ ಬರುವ ಪಾಲಕರೂ ಹಾಗೇ ಹೇಳ್ತಾರೆ: "ಎರಡ ದಿನದಿಂದ ಓದವಲ್ಲ ನೋಡ್ರಿ ಸರ್." ಹುಡುಗ ಜೂನ್ ತಿಂಗಳಿಂದ ಪುಸ್ತಕ ತೆರೆದಿರಲ್ಲ. ನಾನು ಸ್ಟಾಫ್ ರೂಮಿನಲ್ಲಿ ಅವರ ದನಿ ಮಾಡಿ ತೋರಿಸಿ ನಗಿಸಿದ್ದೇನೆ.

ಮನೆಗೆ ಬಂದು ಎರಡನೇ ಇಂಜೆಕ್ಷನ್ ತಾರೀಕು ಬರೆಯಲು, ಹಾಲಿನ ಲೆಕ್ಕ ಇಡುವ ಕ್ಯಾಲೆಂಡರ್ ತೆಗೆದೆ. ಹಾಲಿನ ಅರ್ಧ ಲೀಟರ್, ಒಂದು ಲೀಟರ್ ನಡುವೆ ಮಗಳು ಪೆನ್ಸಿಲಿನಲ್ಲಿ ಸಣ್ಣದಾಗಿ "ಗಿ" ಅಂತ ಬರೆದು, ಪಕ್ಕದಲ್ಲಿ ಗೀಟು ಎಳೆದಿದ್ದಳು. ಚೌತಿ ದಿನ ಮೂರು ಗೀಟು. ಆಮೇಲೆ ಐದು. ಆಮೇಲೆ ಚೌಕದಲ್ಲಿ ಜಾಗ ಸಾಲದೆ ಗೀಟುಗಳು ಮರುದಿನದ ಮನೆಗೆ ಹೋಗಿದ್ದವು. ಇದು ಏನು ಅಂದೆ. "ಸಾಲಿಯಿಂದ ಬಂದ ಮ್ಯಾಲ ಎಷ್ಟ ಸಲ ಕೆರ್ಕೊಂತು ಅಂತ" ಅಂದಳು. ಇಪ್ಪತ್ತೈದು ದಿನ. ದಿನಾ ಬೆಳಿಗ್ಗೆ ಹಾಲು ಬರೆಯುವವನು ನಾನೇ.

ಗಿರಮಿಟ್ ಈಗ ಪರವಾಗಿಲ್ಲ. ಫಿಟ್ಸ್ ಮತ್ತೆ ಬಂದಿಲ್ಲ, ನಿನ್ನೆ ಕೊತ್ತಂಬರಿ ಕಟ್ಟಿನ ಸಪ್ಪಳ ಕೇಳಿ ಜೋರಾಗಿ ಕೂಗಿತು. ಕೂದಲು ಬರಲು ವಾರಗಟ್ಟಲೆ ಬೇಕು. ವಾರಕ್ಕೊಮ್ಮೆ ತೂಕ ನೋಡಬೇಕಂತೆ, ಇವತ್ತು ಕಿರಾಣಿ ಅಂಗಡಿ ಕಾಟಾದ ಮೇಲೆ ಬುಟ್ಟಿ ಇಟ್ಟೆವು. ಅಂಗಡಿಯವರು, "ಕೇಜಿಗೆ ಹೆಂಗ್ರೀ ಸರ?" ಅಂದರು. ಈ ಸಲ ಮಗಳೂ ನಕ್ಕಳು. 792.

ಇನ್ನೊಂದು ವಿಷಯ. ಈ ಹುಳ ಮನುಷ್ಯರ ಮೇಲೆ ಬಾಳಲ್ಲ, ಆದರೂ ಎತ್ತಿಕೊಂಡವರ ಕೈಯಲ್ಲಿ ಕೆಂಪು ಗುಳ್ಳೆ ಎಬ್ಬಿಸಬಹುದು, ತಾನಾಗೇ ಹೋಗುತ್ತೆ ಅಂತ ಮೇಡಂ ಹೇಳಿದ್ದರು. ರಾತ್ರಿ ನಾನು ಟಿವಿ ನೋಡುತ್ತ ಮುಂಗೈ ಕೆರೆದುಕೊಳ್ಳುತ್ತಿದ್ದೆ. ಹೆಂಡತಿ ಕೈ ಎಳೆದು, ತೋಳು ಮಡಚಿ ನೋಡಿ, "ಅಯ್ಯ, ಯಾವಾಗಿಂದ ಇದು?" ಅಂದಳು.

"ಎರಡು ದಿನ" ಅಂದೆ.

ಮಗಳು ಎದ್ದು ಪೆನ್ಸಿಲ್ ಹುಡುಕಲು ಹೋದಳು.