ಹೊಂದದ ಎರಡು ಅರ್ಧ: ಹಿರಿಯೂರಿನ ಹೊಲದಲ್ಲಿ ಹಳೇ ಮಿಲಿಟರಿ ಟೆಂಟು

ಹಳೇ ಮಿಲಿಟರಿ ಟೆಂಟು ಕೊಳ್ಳುವ ಆಸೆ ಇದ್ದವರು ಅಂಗಡಿಯಲ್ಲೇ ಅದನ್ನು ಬಿಚ್ಚಿಸಿ, ಎರಡೂ ಅರ್ಧ ಜೋಡಿಸಿ ನೋಡಿ, ಆಮೇಲೆ ದುಡ್ಡು ಕೊಡಿ. ನಾನು ಮೊದಲೇ 3,200 ರೂಪಾಯಿ ಎಣಿಸಿಕೊಟ್ಟೆ. ಜೋಡಿಸಿ ನೋಡಿದ್ದು ದಾವಣಗೆರೆಯಿಂದ ನೂರು ಕಿಲೋಮೀಟರ್ ದಾಟಿದ ಮೇಲೆ, ಹೊತ್ತು ಮುಳುಗುವಾಗ, ಹೆಂಡತಿಯ ತವರಿನವರೆಲ್ಲ ನಿಂತು ನೋಡುತ್ತಿರುವಾಗ.

ಮಾಲು ಬೆಂಗಳೂರಿನ ಒಂದು ಹಳೇ ಸಾಮಾನಿನ ಅಂಗಡಿಯದು. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆಯ ಕಾಳಗಕ್ಕೆ ಅಮೆರಿಕದ ಸೈನ್ಯ ಭಾರತಕ್ಕೆ ಬಂದಿತ್ತಲ್ಲ, ಆಗ ಬಿಟ್ಟುಹೋದದ್ದು ಎಂದ ಅಂಗಡಿಯವನು. ಇದರ ಹೆಸರು ಪಪ್ ಟೆಂಟ್, ಅಂದರೆ ನಾಯಿಮರಿ ಟೆಂಟು. ಇಡೀ ಟೆಂಟನ್ನು ಒಬ್ಬ ಸಿಪಾಯಿಗೆ ಕೊಡುತ್ತಿರಲಿಲ್ಲ. ತಲೆಗೆ ಅರ್ಧ ಕ್ಯಾನ್ವಾಸು, ಮೂರು ತುಂಡಿನ ಒಂದು ಕೋಲು, ಐದು ಗೂಟ, ಒಂದು ಹಗ್ಗ. ಇಬ್ಬರು ತಂತಮ್ಮ ಅರ್ಧಗಳನ್ನು ನೆತ್ತಿಯಲ್ಲಿ ಗುಂಡಿ ಹಾಕಿ ಕೂಡಿಸಿದರೆ ಆ ರಾತ್ರಿಗೆ ಸೂರು. ಏಳು ಅಡಿ ಉದ್ದ, ಐದು ಅಡಿ ಅಗಲ, ನಡುವೆ ಎತ್ತರ ಮೂರೂವರೆ ಅಡಿ, ಅಷ್ಟೇ. ನಾಲ್ಕು ಜನರ ಸಂಸಾರಕ್ಕೆ ಇದು ಸಾಲದು ಎಂದು ಅಳತೆ ಪಟ್ಟಿಯೇ ಹೇಳುತ್ತಿತ್ತು. ಹೆಂಡತಿಯೂ ಹೇಳಿದಳು. ನಾನು ಇಬ್ಬರ ಮಾತನ್ನೂ ಕೇಳಲಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆ ಕಳೆದ ವಾರ ಹೊರಟೆವು. ಹಿರಿಯೂರಿನವರೆಗೆ ತಕರಾರಿಲ್ಲ. ಅಲ್ಲಿಂದ ವಾಣಿವಿಲಾಸಪುರದ ಕಡೆಗೆ ಹತ್ತಿದ ಖಾಸಗಿ ಬಸ್ಸು ಮಾತ್ರ ಸೀಟು ತುಂಬಿದ ಮೇಲೂ, ನಿಲ್ಲುವ ಜಾಗ ತುಂಬಿದ ಮೇಲೂ ಅಲುಗಲಿಲ್ಲ. ಇಂಜಿನ್ ಗುರ್ ಅನ್ನಿಸಿ ಎರಡು ಮಾರು ಮುಂದೆ ಹೋಗುವುದು, ಮತ್ತೆ ಹಿಂದೆ ಬರುವುದು. ಹೀಗೇ ಮುಕ್ಕಾಲು ಗಂಟೆ. ಟೆಂಟಿನ ಕೋಲುಗಳನ್ನು ನೋಡಿದ ಕಂಡಕ್ಟರು ಲಗೇಜಿಗೆಂದು ಎರಡು ಟಿಕೆಟಿನ ದುಡ್ಡು ಕಿತ್ತ, ಚೀಟಿ ಕೊಡಲಿಲ್ಲ. ಮಗ ಕಿಟಕಿಯ ಹೊರಗೆ ವಾಂತಿ ಮಾಡಿದ. ಜೊತೆಗೆ ಸಾಮಾನಿದ್ದರೆ ಹಿರಿಯೂರಿನಲ್ಲೇ ಆಟೋ ಮಾತಾಡಿಕೊಳ್ಳಿ, ಚೌಕಾಸಿ ಮಾಡಿದರೂ ಮನಸ್ಸು ಇಷ್ಟು ಕೆಡುವುದಿಲ್ಲ.

ಬಸ್ಸಿಗೆ ಮುಂಚೆ ಉಂಡ ಊಟದ ಬಲದ ಮೇಲೆ ಅದನ್ನೆಲ್ಲ ಸಹಿಸಿದೆ ಅನ್ನಿ. ಹಿರಿಯೂರು ಬಸ್ ನಿಲ್ದಾಣದಿಂದ ಸ್ವಲ್ಪ ಆಚೆ, ತಗಡಿನ ಮಾಡು, ಬೋರ್ಡೂ ಇಲ್ಲದ ಒಂದು ಹೋಟೆಲು. ನಮ್ಮೂರಿನ ಕಡೆ ರೊಟ್ಟಿ, ದುರ್ಗ ದಾಟಿದಿರೋ ಮುದ್ದೆ. ತಾಯಿ-ಮಗ ಇಬ್ಬರೇ ನಡೆಸುತ್ತಾರೆ. ತಟ್ಟೆಗೆ ಬಿದ್ದ ಮುದ್ದೆ ಬೆರಳಿಗೆ ಅಂಟಲಿಲ್ಲ, ನಡುವೆ ಒಂದು ಗಂಟೂ ಸಿಗಲಿಲ್ಲ. ಬಸ್ಸಾರಿಗೆ ಅವತ್ತು ಹುರುಳಿಕಾಳು, ಸೊಪ್ಪಿನ ಪಲ್ಯಕ್ಕೆ ಬೆಳ್ಳುಳ್ಳಿ ಧಾರಾಳ. ಎರಡನೇ ಸಲ ಸಾರು ಕೇಳುವ ಮೊದಲೇ ಆ ತಾಯಿ ಸೌಟು ಹಿಡಿದು ನಿಂತಿದ್ದರು. 'ಮುದ್ದೆ ಮುರಿಯೋಕೆ ಬರಲ್ವಾ ಪುಟ್ಟಿ?' ಎಂದು ಮಗಳ ಪಕ್ಕ ಕೂತು, ತುತ್ತು ಮಾಡಿ ಸಾರಿನಲ್ಲಿ ಹೊರಳಿಸಿ ತೋರಿಸಿದರು. ಮನೆಯಲ್ಲಿ ಮುದ್ದೆ ಕಂಡರೆ ಮುಖ ತಿರುಗಿಸುವ ಹುಡುಗಿ ಒಂದು ಮುಗಿಸಿ ಇನ್ನರ್ಧ ಕೇಳಿದಳು. ದೊಡ್ಡವರಿಗೆ 60 ರೂಪಾಯಿ, ಮಕ್ಕಳ ಊಟಕ್ಕೆ ದುಡ್ಡೇ ಮುಟ್ಟಲಿಲ್ಲ. ಮಧ್ಯಾಹ್ನ ಎರಡರ ಮೇಲೆ ಹೋದರೆ ಸಾರು ತಳ ಕಂಡಿರುತ್ತದೆ, ಒಂದಕ್ಕೇ ಹೋಗಿ.

ಟೆಂಟು ಹಾಕಿದ್ದು ಹೆಂಡತಿಯ ಚಿಕ್ಕಪ್ಪನ ಹೊಲದಲ್ಲಿ. ಮಾರಿಕಣಿವೆ ಅಣೆಕಟ್ಟಿನ ಹತ್ತಿರ ಜಾಗ ಹುಡುಕುವ ಯೋಚನೆ ಇದ್ದರೆ ಬಿಡಿ. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು ಅದು. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲೇ. ಅಂದಿನಿಂದ ನೋಡಲು ಬರುವವರಿಗೆ ಲೆಕ್ಕವಿಲ್ಲ, ಭಾನುವಾರವಂತೂ ಚುರುಮುರಿ ಗಾಡಿ, ಸೆಲ್ಫಿ, ಹಾರನ್ನು. ನನಗೆ ಜನಜಂಗುಳಿ ಅಂದರೆ ತಲೆ ಸಿಡಿಯುತ್ತದೆ, ಹತ್ತು ನಿಮಿಷ ನಿಂತು ವಾಪಸು ಬಂದೆ. ಜೋಗಿಮಟ್ಟಿ ಅರಣ್ಯ ಇಲಾಖೆಯ ಜಾಗ, ಅನುಮತಿ ಇಲ್ಲದೆ ಅಲ್ಲಿ ಗೂಟ ಹೊಡೆಯುವ ಮಾತೇ ಇಲ್ಲ. ಪರಿಚಯದವರ ಹೊಲ, ಹತ್ತಿರದಲ್ಲೊಂದು ಬೋರು, ಕರೆದರೆ ಕೇಳುವಷ್ಟು ದೂರದಲ್ಲಿ ಮನೆ: ಮಕ್ಕಳಿದ್ದವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು.

ನಾನು ತೆಂಗಿನ ಸಾಲಿನ ನೆರಳಲ್ಲಿ ಗಂಟು ಬಿಚ್ಚಿದೆ. ಮಾವ ದೂರದಿಂದಲೇ ಕೂಗಿದರು: 'ಅಳಿಯಂದ್ರೆ, ಆಷಾಢದ ಗಾಳಿ ಇದು, ಗರಿ ಬಿದ್ರೆ ಟೆಂಟೂ ಇಲ್ಲ ನೀವೂ ಇಲ್ಲ, ಬಯಲಿಗೆ ಬರ್ರಿ.' ದುರ್ಗದ ಗುಡ್ಡಗಳ ಮೇಲೆ ಸಾಲುಗಟ್ಟಿ ನಿಂತ ಗಾಳಿಯಂತ್ರಗಳನ್ನು ಹೆದ್ದಾರಿಯಿಂದ ನೋಡಿಕೊಂಡೇ ಬಂದವನಿಗೆ ಇದು ಹೊಳೆಯಬೇಕಿತ್ತು.

ಬಯಲಲ್ಲಿ ಹರಡಿದ ಮೇಲೆ ಮೋಸ ಕಂಡಿತು. ಒಂದು ಅರ್ಧದ ಮೂಲೆಯಲ್ಲಿ 1942 ಎಂಬ ಅಚ್ಚು, ಒಣಹುಲ್ಲಿನ ಬಣ್ಣ, ಅಂಚಿಗೆ ಗುಂಡಿ ಮತ್ತು ಕಾಜ. ಇನ್ನೊಂದು ಕಡುಹಸಿರು, ಅದಕ್ಕೆ ಟಿಚ್ ಬಟನ್, ಯುದ್ಧ ಮುಗಿದು ವರ್ಷಗಳಾದ ಮೇಲೆ ಬಂದ ಮಾದರಿ. ಕಾಜಕ್ಕೆ ಟಿಚ್ ಬಟನ್ ಕೂರುವುದುಂಟೆ? ಸಾಲದ್ದಕ್ಕೆ ಹಳೆಯದಕ್ಕೆ ಒಂದೇ ತುದಿಯಲ್ಲಿ ಮುಕ್ಕೋನದ ಸೆರಗು, ಹೊಸದಕ್ಕೆ ಎರಡೂ ತುದಿಯಲ್ಲಿ. ಹಾಗಾಗಿ ಬಾಗಿಲಿಗೆ ಒಂದೇ ರೆಕ್ಕೆ. ಗೂಟ ಹತ್ತರ ಬದಲು ಏಳು, ಎಲ್ಲ ಮರದವು. ಗರಸು ನೆಲಕ್ಕೆ ಹೊಡೆದಾಗ ಮೂರು ಸೀಳಿದವು. ಅಂಗಡಿಗೆ ಫೋನ್ ಮಾಡಿದರೆ, 'ಟೆಂಟು ಕೇಳಿದ್ರಿ ಸಾರ್, ಜೋಡಿ ಒಂದೇ ಥರ ಇರ್ಬೇಕು ಅಂತ ಕೇಳಿದ್ರಾ?' ಎಂದ.

'ಇದೇನು ಟೆಂಟಾ, ಕುರಿಮರಿ ಗೂಡಾ?' ಎಂದು ಮಾವ ನಕ್ಕರು. ಆದರೆ ದಾರಿ ತೋರಿದವರು ಅತ್ತೆ. ಚೀಲ ಹೊಲಿಯುವ ದಬ್ಬಣ ಮತ್ತು ಸುತಲಿ ತಂದು, ಹಸಿರು ಅರ್ಧವನ್ನು ಹಳೆಯದರ ಮೇಲೆ ನಾಲ್ಕು ಬೆರಳು ಹೊದಿಸಿ, ನೆತ್ತಿಯುದ್ದಕ್ಕೂ ಹೊಲಿದುಬಿಟ್ಟರು. ಸೂಜಿ ಹೋದ ತೂತುಗಳ ಮೇಲೆ ಮೇಣದ ಬತ್ತಿ ತಿಕ್ಕಿದೆವು. ಗರಸಿನಲ್ಲಿ ಹಾರೆಯಿಂದ ಮೊದಲು ತೂತು ಮಾಡಿಕೊಂಡು ದನ ಕಟ್ಟುವ ಗೂಟಗಳನ್ನು ಓರೆಯಾಗಿ, ತಲೆ ಟೆಂಟಿನಿಂದ ಆಚೆಗೆ ವಾಲುವಂತೆ ಇಳಿಸಿದೆವು. ಕೋಲಿನ ಒಂದು ತುಂಡು ಕಳೆದಿತ್ತು, ಅದರ ಜಾಗಕ್ಕೆ ಜಾಲಿ ಕೊಂಬೆ. ತೆರೆದ ಬಾಗಿಲಿಗೆ ಚಳ್ಳಕೆರೆ ಕಡೆಯ ಕುರಿಕಂಬಳಿ ಇಳಿಬಿಟ್ಟಾಗ ಅದಕ್ಕೊಂದು ಮನೆಯ ಕಳೆ ಬಂತು.

ಎಲ್ಲ ಸರಿ ಎನ್ನುವಾಗ ಮಾಡಿದ ತಪ್ಪು: ಟೆಂಟಿನ ಉದ್ದದ ಮಗ್ಗುಲು ಪಡುವಣಕ್ಕಿತ್ತು. ರಾತ್ರಿ ಹನ್ನೊಂದಕ್ಕೆ ಗಾಳಿ ಅದನ್ನು ಹಾಯಿಯಂತೆ ಉಬ್ಬಿಸಿ, ಮೂರು ಗೂಟ ಎಬ್ಬಿಸಿತು. ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಎಲ್ಲ ಕಿತ್ತು, ಮುಚ್ಚಿದ ಬೆನ್ನು ಪಡುವಣಕ್ಕೆ, ಬಾಗಿಲು ಮೂಡಣಕ್ಕೆ ಬರುವಂತೆ ಹಾಕಿದ ಮೇಲೆ ಅಷ್ಟು ಕುಳ್ಳಗಿನ ಟೆಂಟು ಕದಲಲಿಲ್ಲ. ಆಷಾಢದಲ್ಲಿ ಹೋಗುವವರು ಮೊದಲೇ ಹೀಗೆ ಹಾಕಿ.

ಈ ಟೆಂಟಿಗೆ ತಳವಿಲ್ಲ. ತಾಡಪತ್ರಿ ಹಾಸಿ, ಅಂಚನ್ನು ಒಳಕ್ಕೆ ಮಡಚಿ. ಹೊರಗೆ ನಾಲ್ಕು ಬೆರಳು ಚಾಚಿದರೂ ಮಳೆನೀರನ್ನು ಅದೇ ಹಾಸಿಗೆಯಡಿಗೆ ತರುತ್ತದೆ. ನೀರು ಬರುವ ಮೇಲುಗಡೆ ಗೇಣುದ್ದ ಅಗಲದ ಕಾಲುವೆ ತೋಡಿ. ನಸುಕಿನಲ್ಲಿ ಜಿಟಿಜಿಟಿ ಹಿಡಿಯಿತು. ನೆನೆದ ಹತ್ತಿ ಕ್ಯಾನ್ವಾಸಿನ ನೂಲು ಉಬ್ಬಿ ಸಂದು ಮುಚ್ಚುತ್ತದೆ, ಹನಿ ಒಳಗಿಳಿಯುವುದಿಲ್ಲ. ಆದರೆ ಒಳಗಿಂದ ಬೆರಳು ತಾಗಿಸಿದರೆ ತಾಗಿಸಿದ ಕಡೆ ತೊಟ್ಟಿಕ್ಕಲು ಶುರು. ಮಗನಿಗೆ 'ಮುಟ್ಟಬೇಡ' ಎಂದೆ, ಅಲ್ಲಿಗೆ ಐದು ಕಡೆ ತೊಟ್ಟಿಕ್ಕಿತು. ಮಲಗುವಾಗ ಹಗ್ಗವನ್ನೂ ಒಂದಿಷ್ಟು ಸಡಿಲ ಬಿಡಿ, ನೆನೆದ ಹಗ್ಗ ಬಿಗಿದುಕೊಂಡು ಗೂಟವನ್ನೇ ಕೀಳುತ್ತದೆ. ಸೊಳ್ಳೆ ಬತ್ತಿ, ದೀಪ ಒಳಗೆ ಬೇಡವೇ ಬೇಡ, ಮೇಣ ಕುಡಿದ ಹಳೇ ಬಟ್ಟೆಗೆ ಕಿಡಿ ಸಾಕು. ಬೆಳಿಗ್ಗೆ ಚಪ್ಪಲಿ ಕೊಡವಿ ಹಾಕಿಕೊಳ್ಳಿ. ನನ್ನ ಬೂಟಿನೊಳಗಿಂದ ಕಿರುಬೆರಳುದ್ದದ ಚೇಳು ಬಿತ್ತು.

ಕೊನೆಗೆ ಒಳಗೆ ಮಲಗಿದ್ದು ಮಕ್ಕಳು ಮತ್ತು ಅವರಮ್ಮ. ನಾನು ಮಾವನ ಜಗಲಿಯ ಮೇಲೆ. ದೊಡ್ಡವರಿಬ್ಬರು ಮಕ್ಕಳಿಬ್ಬರು ಇದ್ದರೆ ಇಂಥ ಟೆಂಟು ಎರಡು ಬೇಕು, ಇಲ್ಲವೆ ಒಬ್ಬರಿಗೆ ಜಗಲಿ ಬೇಕು.

ಸೋಮವಾರ ಊರಿಗೆ ಬಂದವನು ಹಸಿ ಟೆಂಟನ್ನು ಸುತ್ತಿ ಮೂಲೆಗಿಟ್ಟೆ. ಬುಧವಾರಕ್ಕೆ ಬೂಷ್ಟು ಹಿಡಿದಿತ್ತು. ಸೋಪು ಹಾಕಿದರೆ ನೀರು ತಡೆಯುವ ಗುಣ ಹೋಗುತ್ತದೆಂದು ಬರೀ ನೀರಲ್ಲಿ ಉಜ್ಜಿ ಎರಡು ದಿನ ಮಾಳಿಗೆಯ ಬಿಸಿಲಿಗೆ ಹರಡಿದೆ. ಅತ್ತೆಯ ಹೊಲಿಗೆ ಬಿಚ್ಚಿಲ್ಲ. ಮಾವ ಮೊನ್ನೆ ಫೋನಿನಲ್ಲಿ, 'ಮುಂದಿನ ಸಲ ಬರೋವಾಗ ಅದನ್ನ ಇಲ್ಲೇ ಬಿಟ್ಟು ಹೋಗ್ರಿ ಅಳಿಯಂದ್ರೆ, ಎರಡು ಆಡು ಈಯೋ ಹಾಗಿದಾವೆ' ಎಂದರು.